ಹೋಗದ ಕಲೆ

ಹೋದ ವರ್ಷ ಬೆಂಗಳೂರಿಗೆ ಹೋದಾಗ ದೇಸಿ ಅಂಗಡಿಯಲ್ಲಿ ಒಂದು ಕುರ್ತಾ ಕೊಂಡೆ. ಕೈಮಗ್ಗದ ಬಟ್ಟೆ. ಇಟ್ಟಿಗೆ ಕೆಂಪಿಗೆ ಸ್ವಲ್ಪ ಕಂದು ಬೆರೆಸಿದಂಥ ಬಣ್ಣ. ಇದು ಯಾವುದರ ಬಣ್ಣ ಅಂತ ಅಂಗಡಿಯ ಹುಡುಗಿಯನ್ನು ಕೇಳಿದೆ. "ಅಡಿಕೆ ಚೊಗರು ಮೇಡಂ, ನ್ಯಾಚುರಲ್" ಅಂದಳು. ನಾನು ಅಲ್ಲೇ ಜೋರಾಗಿ ನಕ್ಕುಬಿಟ್ಟೆ. ಪಾಪ, ನನಗೇನಾಯಿತು ಅಂತ ಅವಳಿಗೆ ಗೊತ್ತಾಗಲಿಲ್ಲ.

ನಾನು ಕೊಪ್ಪದ ಕಡೆಯವಳು. ಈಗ ಕೆಲಸ, ಸಂಸಾರ ಎಲ್ಲ ಚಿಕ್ಕಮಗಳೂರಿನಲ್ಲಿ. ಆದರೆ ಬೆಳೆದದ್ದು ಚೊಗರಿನ ಜೊತೆ ಜಗಳವಾಡುತ್ತಾ. ಅಡಿಕೆ ಸೀಮೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಹಸಿ ಅಡಿಕೆ ಸುಲಿದು ದೊಡ್ಡ ತಾಮ್ರದ ಹಂಡೆಯಲ್ಲಿ ಬೇಯಿಸುತ್ತಾರೆ. ಅದೇ ನೀರಿನಲ್ಲಿ ಒಂದರ ಮೇಲೊಂದು ಒಬ್ಬೆ ಬೇಯಿಸಿದಂತೆ ನೀರು ಕೆಂಪಾಗಿ, ಗಟ್ಟಿಯಾಗುತ್ತಾ ಹೋಗುತ್ತದೆ. ಅದೇ ಚೊಗರು. ಕೆಂಪಡಿಕೆಗೆ ಹೊಳಪು ಬರುವುದು ಅದರಿಂದ. ಬಟ್ಟೆಗೆ ಬಿತ್ತೋ, ಮುಗಿಯಿತು. ಸೋಪು, ನಿಂಬೆಹಣ್ಣು, ಬಿಸಿಲು ಯಾವುದಕ್ಕೂ ಬಗ್ಗುವುದಿಲ್ಲ.

ಹಾಗಾಗಿ ನಮ್ಮ ಕಡೆ ಸುಲಿಗೇ, ಅಂದರೆ ಅಡಿಕೆ ಸುಲಿಯುವ ಕೆಲಸಕ್ಕೇ ಅಂತ ಒಂದು ಜೊತೆ ಹಳೇ ಬಟ್ಟೆ ಬೇರೆ ಇರುತ್ತದೆ. ಆರನೇ ಕ್ಲಾಸಿನಲ್ಲಿದ್ದಾಗ ನಾನು ಸ್ಕೂಲಿನಿಂದ ಬಂದವಳೇ ಯೂನಿಫಾರಂ ಬಿಚ್ಚದೆ ಹಂಡೆ ಹತ್ತಿರ ಹೋಗಿ ನಿಂತಿದ್ದೆ. ಬಿಳಿ ಅಂಗಿಯ ಎದೆಗೆ ಅಂಗೈ ಅಗಲದ ಕಲೆ. ಅಮ್ಮ ಎರಡು ದಿನ ಬೈದಳು. ವರ್ಷ ಪೂರ್ತಿ ಅದರ ಮೇಲೆ ಸ್ವೆಟರ್ ಹಾಕಿಕೊಂಡು ಹೋದೆ, ಮಾರ್ಚಿನ ಸೆಕೆಯಲ್ಲೂ!

ಈಗ ಅದೇ ಚೊಗರಿಗೆ ದುಡ್ಡು ಕೊಟ್ಟೆ ನೋಡಿ. ಆ ಕುರ್ತಾ ಸಾಗರದ ಹತ್ತಿರ ಹೆಗ್ಗೋಡಿನ ಚರಕ ಸಂಸ್ಥೆಯದು. ರಂಗಕರ್ಮಿ ಪ್ರಸನ್ನ ಅವರು ಕಟ್ಟಿ ಬೆಳೆಸಿದ್ದು. ಹಳ್ಳಿಯ ಹೆಣ್ಣುಮಕ್ಕಳು ನೇಯ್ದು, ಬಣ್ಣ ಹಾಕಿ, ಹೊಲಿಯುತ್ತಾರೆ.

ಸುಲಿ ಸಮಯಕ್ಕೆ ಊರಿಗೆ ಹೋದಾಗ ಬೇಕಂತಲೇ ಅದನ್ನು ಹಾಕಿಕೊಂಡು ಹೋದೆ. ನಾನು ಚಿಕ್ಕವಳಿದ್ದಾಗಿನಿಂದ ನಮ್ಮನೆಗೆ ಅಡಿಕೆ ಸುಲಿಯಲು ಬರುವ ಒಬ್ಬ ಅಕ್ಕ ಇದ್ದಾರೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮಣೆ ಮೇಲೆ ಕೂತವರು ನನ್ನ ಕುರ್ತಾ ನೋಡಿ, "ಇದೆಂಥದು, ಚೊಗರಿಗೆ ಬಿದ್ರಾ?" ಅಂದರು. ವಿಷಯ ಹೇಳಿದೆ. ಬೆಲೆಯನ್ನೂ ಹೇಳಿದೆ. ಹೇಳಬಾರದಿತ್ತು ಅನಿಸುತ್ತದೆ. ಅವರು ತಮ್ಮ ಸೀರೆ ಸೆರಗನ್ನು ಎತ್ತಿ ಹಿಡಿದು, "ಹಂಗಾರೆ ನಂದಕ್ಕೆ ಎಷ್ಟು ಕೊಡ್ತಾರೆ ಕೇಳ್ಕಂಡು ಬನ್ನಿ" ಅಂದರು. ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಚುಚ್ಚಿತು. ಎಷ್ಟೋ ವರ್ಷದಿಂದ ಅವರ ಬೆರಳಿನ ಸಂದಿಯಲ್ಲೂ ಇದೇ ಬಣ್ಣ ಇದೆ, ಅಲ್ವಾ?

ಆ ಸಲ ನಾನೇ ಬಣ್ಣ ಹಾಕಿ ನೋಡೋಣ ಅಂತ ಹೊರಟೆ. ನಮ್ಮೆಜಮಾನರ ಹಳೇ ಬಿಳಿ ಹತ್ತಿ ಅಂಗಿ ಒಂದಿತ್ತು. ಜೇಬಿನ ಹತ್ತಿರ ಪೆನ್ನಿನ ಇಂಕು ಸೋರಿ ಹಾಳಾಗಿತ್ತು. ಅಂಗಿಯನ್ನು ಸೋಪಿನ ನೀರಿನಲ್ಲಿ ಕುದಿಸಿ ಅಂಟು, ಜಿಡ್ಡು ತೆಗೆದೆ. ಕೆಸರು ನೀರು ತಿಳಿಯಾಗಲು ಹಾಕುತ್ತಾರಲ್ಲ, ಆ ಪಟಿಕವನ್ನು ಕರಗಿಸಿ ರಾತ್ರಿಯಿಡೀ ನೆನೆಸಿಟ್ಟೆ. ನಾರಿಗೆ ಬಣ್ಣ ಹಿಡಿಯಲು ಅದು ಬೇಕು. ಎಲ್ಲ ಸರಿಯಾಗಿಯೇ ಇತ್ತು. ಕಡೆಗೆ ದೊಡ್ಡ ಪಾತ್ರೆ ಸಿಗಲಿಲ್ಲ ಅಂತ ಕಬ್ಬಿಣದ ಬಾಣಲೆಯಲ್ಲಿ ಚೊಗರು ಕಾಯಿಸಿದೆ. ಅಂಗಿ ಹೊರಗೆ ಬಂದಾಗ ಕೆಂಪೂ ಅಲ್ಲ, ಕಂದೂ ಅಲ್ಲ, ಮಳೆಗಾಲದ ಗೋಡೆಯ ಹಾಗೆ ಬೂದು ಕಪ್ಪು ಮಚ್ಚೆ ಮಚ್ಚೆ.

ಅಮ್ಮ ಒಂದೇ ಮಾತಿನಲ್ಲಿ ಹೇಳಿದಳು, "ಬಾಳೆಕಾಯಿ ಹೆಚ್ಚಿದ್ರೆ ಕತ್ತಿ ಕಪ್ಪಾಗಲ್ವೇನೇ?" ಅಷ್ಟೇ ವಿಷಯ. ಬಾಳೆಕಾಯಿಯಲ್ಲೂ ಅಡಿಕೆಯಲ್ಲೂ ಒಗರು ಕೊಡುವ ಟ್ಯಾನಿನ್ ಇದೆ. ಅದಕ್ಕೆ ಕಬ್ಬಿಣ ಸೇರಿದರೆ ಕಪ್ಪು. ಬಣ್ಣ ಹಾಕುವವರು ಕಪ್ಪು ಬೇಕಾದಾಗ ಬೇಕಂತಲೇ ಕಬ್ಬಿಣ ಸೇರಿಸುತ್ತಾರಂತೆ. ನನ್ನದು ಗೊತ್ತಿಲ್ಲದೆ ಮಾಡಿದ ಕಲೆ. ಅರಿಸಿನದಲ್ಲೂ ಒಂದು ಕರ್ಚೀಫು ಅದ್ದಿದ್ದೆ. ಸೋಪು ಹಾಕಿದ ತಕ್ಷಣ ಓಕುಳಿ ಕೆಂಪು, ನಾಲ್ಕು ದಿನದ ಬಿಸಿಲಿಗೆ ಹೆಚ್ಚುಕಡಿಮೆ ಬಿಳಿ. ಅದರ ಸುದ್ದಿ ಬೇಡ.

ಇಷ್ಟೆಲ್ಲ ಮಾಡಿದ್ದಕ್ಕೆ ನೈಸರ್ಗಿಕ ಬಣ್ಣ ಅಂದರೆ ಪೂರ್ತಿ ಒಳ್ಳೇದು ಅನ್ನುವ ಭ್ರಮೆಯೂ ಹೋಯಿತು. ಒಂದು ಅಂಗಿಗೆ ನಾನು ಸುಟ್ಟ ಸೌದೆ, ತೊಳೆಯಲು ಚೆಲ್ಲಿದ ನೀರು ಕಡಿಮೆಯೇನಲ್ಲ. ಚೊಗರು ನನಗೆ ಹಿಡಿಸುವುದು ಅದು ಹೇಗೂ ಇರುವ ವಸ್ತು ಅನ್ನುವ ಕಾರಣಕ್ಕೆ. ಬಣ್ಣಕ್ಕಾಗಿ ಯಾರೂ ಮರ ಕಡಿಯಬೇಕಿಲ್ಲ.

ನೀರಿನ ಲೆಕ್ಕ ಬಂತಲ್ಲ, ಒಂದು ಹತ್ತಿ ಟೀ ಶರ್ಟಿಗೆ, ಹತ್ತಿ ಬೆಳೆಯುವುದರಿಂದ ಹಿಡಿದು, ಸುಮಾರು 2,700 ಲೀಟರ್ ನೀರು ಬೇಕು ಅನ್ನುತ್ತಾರೆ. ನಮ್ಮ ಮನೆಯ ಮೇಲಿನ ಸಿಂಟೆಕ್ಸ್ ಸಾವಿರ ಲೀಟರಿನದು. ಬೇಸಿಗೆಯಲ್ಲಿ ಅದು ತುಂಬಲಿ ಅಂತ ಬೆಳಗಿನ ಜಾವ ಎದ್ದು ಕಾಯುವವಳು ನಾನು. ಆಫರ್ ಇದೆ ಅಂತ ಸುಮ್ನೆ ಕೊಂಡು ಬೀರುವಿಗೆ ತುರುಕಿದ ಮೂರು ಟೀ ಶರ್ಟುಗಳು ಎಂಟು ಟ್ಯಾಂಕ್ ನೀರು ಕುಡಿದು ಕೂತಿವೆ.

ಪಾಲಿಯೆಸ್ಟರ್ ಕಥೆ ಬೇರೆ. ಒಮ್ಮೆ ಜೂನ್ 5ರ ಪರಿಸರ ದಿನಕ್ಕೆ ಗಿಡ ನೆಡಲು ಹೋಗಿದ್ದೆ. ಕರೆದವರು ಎಲ್ಲರಿಗೂ ಹಸಿರು ಟೀ ಶರ್ಟ್ ಹಂಚಿದರು. ಬೆನ್ನ ಮೇಲೆ 'ಪ್ಲಾಸ್ಟಿಕ್ ತ್ಯಜಿಸಿ' ಅಂತ ದಪ್ಪ ಅಕ್ಷರ. ಒಳಗಿನ ಚೀಟಿ ನೋಡಿದರೆ ನೂರಕ್ಕೆ ನೂರು ಪಾಲಿಯೆಸ್ಟರ್! ನೀರಿನ ಬಾಟಲಿಯೂ ಅದೂ ಒಂದೇ ಜಾತಿಯ ಪ್ಲಾಸ್ಟಿಕ್. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆ ಉದುರಿ ನೀರಿಗೆ ಸೇರುತ್ತದೆ. ಕೊನೆಗೆ ನೆಲ ಒರೆಸಲಾದರೂ ಆದೀತು ಅಂತ ನೋಡಿದೆ. ನೀರನ್ನು ಹೀರುವುದೇ ಇಲ್ಲ, ಈ ಮೂಲೆಯಿಂದ ಆ ಮೂಲೆಗೆ ತಳ್ಳುತ್ತದೆ ಅಷ್ಟೆ. ಅಮ್ಮನ ಹಳೇ ಹತ್ತಿ ಸೀರೆ ಲಂಗವಾಗಿ, ಮಗುವಿನ ಬಟ್ಟೆಯಾಗಿ, ಕಡೆಗೆ ಮಸಿಬಟ್ಟೆಯಾಗಿ ಒಲೆ ಪಕ್ಕ ಸೇರುತ್ತಿತ್ತು. ಇದು ಮಸಿಬಟ್ಟೆಯಾಗಲೂ ಲಾಯಕ್ಕಿಲ್ಲ.

ಈಗ ನಾನು ಬಟ್ಟೆ ಕೊಳ್ಳುವುದು ತುಂಬಾ ಕಡಿಮೆ. ಇದ್ದದ್ದನ್ನೇ ಮತ್ತೆ ಮತ್ತೆ ಹಾಕುತ್ತೇನೆ. ಇತ್ತೀಚೆಗೆ ಒಂದು ಮದುವೆಯಲ್ಲಿ ನಾದಿನಿ ಹತ್ತಿರ ಬಂದು, "ಅತ್ತಿಗೆ, ಈ ಸೀರೆ ಗೃಹಪ್ರವೇಶಕ್ಕೂ ಉಟ್ಟಿದ್ರಿ ಅಲ್ವಾ?" ಅಂತ ಮೆಲ್ಲಗೆ ಕೇಳಿದಳು. ಮೊದಲಾಗಿದ್ದರೆ ಮುಖ ಸಣ್ಣದಾಗುತ್ತಿತ್ತು. "ಅದಕ್ಕೂ ಮೊದಲು ನಿನ್ನ ಮದುವೆಗೂ ಉಟ್ಟಿದ್ದೆ" ಅಂದೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತು, ಬ್ಲೌಸ್ ಇಷ್ಟು ವರ್ಷ ಹೇಗೆ ಆಗುತ್ತದೆ ಅಂತ ಅವಳೇ ಕೇಳಿದಳು. ಹೊಲಿಸುವಾಗಲೇ ಟೈಲರ್‌ಗೆ ಒಳಗೆ ಬಟ್ಟೆ ಜಾಸ್ತಿ ಬಿಡಲು ಹೇಳುತ್ತೇನೆ, ದಪ್ಪಗಾದ ಹಾಗೆ ಒಂದೊಂದೇ ಹೊಲಿಗೆ ಬಿಚ್ಚುವುದು. ಪರಿಸರದ ಬಗ್ಗೆ ಭಾಷಣ ಮಾಡಿದ್ದರೆ ಅವಳು ಪಾಯಸ ಬರುವ ಮೊದಲೇ ಎದ್ದು ಹೋಗುತ್ತಿದ್ದಳು. ಇದನ್ನು ಮಾತ್ರ ಕೈ ತೊಳೆಯುವವರೆಗೂ ಕೇಳಿದಳು.

ಆಫೀಸಿನಲ್ಲೂ ಅಷ್ಟೆ. ಚೊಗರು ಕುರ್ತಾ ಹಾಕಿದ ದಿನ ಯಾರಾದರೂ ಒಬ್ಬರು ಬಣ್ಣ ಕೇಳುತ್ತಾರೆ, ಮಾತು ಅಡಿಕೆ ಹಂಡೆಗೆ ಹೋಗುತ್ತದೆ. ಅಂಗಿಯ ಕಥೆ ಹೇಳಲು ನಾನು ಮರೆಯುವುದಿಲ್ಲ. ಎರಡನೇ ಸಲ ಅದನ್ನೇ ತಾಮ್ರದ ಪಾತ್ರೆಯಲ್ಲಿ ಅದ್ದಿದೆ. ಮಚ್ಚೆ ಹೋಗಲಿಲ್ಲ, ಆದರೆ ಕೆಂಪು ಅದರ ಮೇಲೆ ಕೂತು ಡಿಸೈನಿನ ಹಾಗೆ ಕಾಣುತ್ತದೆ. ನಮ್ಮೆಜಮಾನರು ಶನಿವಾರ ಅದನ್ನು ಹಾಕಿಕೊಂಡು ಹೋಗುತ್ತಾರೆ. ಎಲ್ಲಿ ತಗೊಂಡ್ರಿ ಅಂತ ಇಬ್ಬರು ಕೇಳಿದರಂತೆ.

ಮೊನ್ನೆ ಅಮ್ಮ ಫೋನ್ ಮಾಡಿದ್ದಳು. ಅಟ್ಟ ಗುಡಿಸುವಾಗ ಟ್ರಂಕಿನಲ್ಲಿ ನನ್ನ ಆರನೇ ಕ್ಲಾಸಿನ ಅಂಗಿ ಸಿಕ್ಕಿತಂತೆ. ಬಟ್ಟೆ ಗಟ್ಟಿಯಾಗಿಯೇ ಇದೆಯಂತೆ, ಕಲೆಯೂ.

"ಒಂದು ತಂಬಿಗೆ ಚೊಗರು ಎತ್ತಿಟ್ಟಿದ್ದೀನಿ" ಅಂದಳು. "ಪೂರ್ತಿ ಅದ್ದಿಬಿಡಲಾ? ದಿಂಬಿನ ಕವರಿಗಾಗುತ್ತೆ."