ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಕ: ಡಿಸ್ಕ್ ಬೆಂಡ್ ಆಗಿರಲಿಲ್ಲ

ಶಿರಾಡಿ ಇಳಿದು ಗುಂಡ್ಯ ದಾಟಿದ ಮೇಲೆ ಉಪ್ಪಿನಂಗಡಿ ಕಡೆಗೆ ತಿರುವು ಕಡಿಮೆಯಾಗಿ ರಸ್ತೆ ಸ್ವಲ್ಪ ಸಲೀಸಾಗುತ್ತಲ್ಲ, ಅಲ್ಲೇ ಶುರುವಾಗ್ತಿತ್ತು. 80ರಲ್ಲಿ ಹೋಗ್ತಾ ಇರ್ತೀನಿ, ಮುಂದಿನ ಬಸ್ಸು ನಿಲ್ಲುತ್ತೆ, ಬ್ರೇಕ್ ಮೇಲೆ ಕಾಲಿಡ್ತೀನಿ. ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಗಡಗಡ ಆಡುತ್ತೆ, ಪೆಡಲ್ ಅಂಗಾಲನ್ನು ಟಕಟಕ ಅಂತ ವಾಪಸ್ ತಳ್ಳುತ್ತೆ. 30ಕ್ಕೆ ಇಳಿಯೋ ಹೊತ್ತಿಗೆ ಏನೂ ಇಲ್ಲ. ಬೆಳಿಗ್ಗೆ ಸಕಲೇಶಪುರ ಬಿಡುವಾಗ ಸುಮ್ಮನಿರುವ ಗಾಡಿ, ಘಾಟಿ ಇಳಿದು ಬಿಸಿಯಾದ ಮೇಲೆ ಮಾತ್ರ ಹೀಗೆ.

ವಾರಕ್ಕೆ ಎರಡು ಸಲ ಕೋಸು, ಬೀನ್ಸ್ ಹೇರಿಕೊಂಡು ಮಂಗಳೂರಿಗೆ ಹೋಗೋ ಸಿಂಗಲ್ ಕ್ಯಾಬ್ ಪಿಕಪ್ ನನ್ನದು. ಕಂಪನಿ ಹೆಸರು ಬೇಡ, ತಪ್ಪು ಅವರದ್ದಲ್ಲ. ಮುಂದೆ ಡಿಸ್ಕ್ ಬ್ರೇಕ್, ಅಂದ್ರೆ ಚಕ್ರದ ಜೊತೆ ತಿರುಗೋ ತಟ್ಟೆಯನ್ನು ಎರಡು ಕಡೆಯಿಂದ ಪ್ಯಾಡ್ ಹಿಡಿಯೋದು; ಹಿಂದೆ ಡ್ರಮ್. ಊರಿಗೆ ಬರೋಕ್ಕೆ ಮುಂಚೆ ನಾನು ಪೀಣ್ಯದಲ್ಲಿ ಆರು ವರ್ಷ ಲೇತ್ ಓಡಿಸೋ ಟರ್ನರ್ ಆಗಿದ್ದೆ. ಈ ಮಾತು ಯಾಕೆ ಹೇಳ್ತಿದ್ದೀನಿ ಅಂದ್ರೆ, ಆರು ವರ್ಷ ದಿನಾ ಕೂದಲೆಳೆಯಷ್ಟು ಓಲಾಟವನ್ನೂ ತೋರಿಸೋ ಡಯಲ್ ಗೇಜ್ ಹಿಡಿದವನು ತನ್ನ ಗಾಡಿಗೆ ಅದನ್ನು ಇಡೋಕೆ ಒಂದು ವರ್ಷ ತಗೊಂಡ. ಅಷ್ಟರಲ್ಲಿ ಒಂದು ಜೊತೆ ಡಿಸ್ಕು, ಎರಡು ಸೆಟ್ ಪ್ಯಾಡು ಹೋಗಿತ್ತು.

ಮೊದಲು ತಲೆ ಕೆಡಿಸಿದ್ದು, ನಡುಕ ಒಂದಲ್ಲ ಎರಡು ಇತ್ತು ಅನ್ನೋದು. 85–90ರಲ್ಲಿ ಬ್ರೇಕ್ ಮುಟ್ಟದೇ ಇದ್ದರೂ ಸ್ಟೇರಿಂಗ್ ಸಣ್ಣಗೆ ಜುಮ್ ಅಂತಿತ್ತು. ಟೈರ್ ಅಂಗಡಿಗೆ ಹೋಗಿ ವೀಲ್ ಬ್ಯಾಲೆನ್ಸ್ ಮಾಡಿಸಿದೆ, ಅದು ನಿಂತಿತು. ಬ್ರೇಕಿನ ನಡುಕ ಹಾಗೇ ಉಳೀತು. ಎರಡಕ್ಕೂ ಒಂದೇ ಮದ್ದು ಅಂದುಕೊಂಡಿದ್ದವನಿಗೆ ಅವತ್ತೇ ಅರ್ಥ ಆಗಬೇಕಿತ್ತು. ವೇಗ ಹಿಡಿದಾಗ ಬರೋದು ಟೈರು, ರಿಮ್ಮಿನ ಕಡೆಯದು. ಕಾಲು ಒತ್ತಿದಾಗ ಬರೋದು ಬ್ರೇಕಿನದು. ಸ್ಟೇರಿಂಗಿನಲ್ಲಿ ಸಿಕ್ಕಿದರೆ ಮುಂದೆ, ಸೀಟಿನ ಕೆಳಗೆ ಸಿಕ್ಕಿದರೆ ಹೆಚ್ಚಾಗಿ ಹಿಂದೆ. ಅನುಮಾನ ಇದ್ರೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, 40ರಲ್ಲಿ, ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿಕೊಂಡೇ ಮೆಲ್ಲಗೆ ಎಳೆದು ನೋಡಿ. ಆಗಲೂ ಕುಲುಕಿದರೆ ಹಿಂದಿನ ಡ್ರಮ್ ಕಡೆ ನೋಡಬೇಕು. ನನ್ನದರಲ್ಲಿ ಏನೂ ಆಗಲಿಲ್ಲ.

ಇನ್ನೊಂದು ಲೆಕ್ಕ ನನಗೆ ಉಪಯೋಗಕ್ಕೆ ಬಂತು. ನನ್ನ ಟೈರಿನ ಸುತ್ತಳತೆ ಸುಮಾರು 2.2 ಮೀಟರ್. 80 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ 22 ಮೀಟರ್. ಚಕ್ರ ಸೆಕೆಂಡಿಗೆ ಹತ್ತು ಸುತ್ತು. ಎಂಜಿನ್ ಕಡೆಯಿಂದ ಹಿಂದಿನ ಚಕ್ರಗಳನ್ನು ತಿರುಗಿಸೋ ಪ್ರೊಪೆಲರ್ ಶಾಫ್ಟ್ ಅದರ ನಾಲ್ಕರಷ್ಟು ತಿರುಗುತ್ತೆ. ಅದರ ಕ್ರಾಸ್, ಅಂದ್ರೆ ಕೀಲು, ಹೋಗಿದ್ರೆ ಕೈಗೆ ಸಿಗೋದು ದುಂಬಿ ಗುಂಯ್‌ಗುಟ್ಟಿದ ಹಾಗೆ. ನನ್ನದು ಬಿಡಿಬಿಡಿಯಾಗಿ ಬಡಿಯೋ ನಡುಕ, ಅಂದ್ರೆ ಚಕ್ರದ ಲೆಕ್ಕದ್ದು.

ಗ್ಯಾರೇಜಿನ ಹುಡುಗ ನೋಡಿದವನೇ ಹೇಳಿದ, "ಡಿಸ್ಕ್ ಬೆಂಡಾಗಿದೆ ಕಣಣ್ಣ, ಘಾಟಿ ಗಾಡಿ ಅಲ್ವಾ, ಕಾಯ್ದು ಬಾಗಿಬಿಡುತ್ತೆ." ಸರಿ, ಹೊಸ ಡಿಸ್ಕ್, ಹೊಸ ಪ್ಯಾಡ್. ಬೆಣ್ಣೆ ಹಾಗೆ ನಿಂತಿತು ಗಾಡಿ. ಸುಮಾರು 4,000 ಕಿ.ಮೀ. ಆದ ಮೇಲೆ ಅದೇ ರಾಗ. ಈ ಸಲ ಬಿಚ್ಚಿ ಲೇತಿಗೆ ಕೊಟ್ಟು ಸ್ಕಿಮ್ಮಿಂಗ್, ಅಂದ್ರೆ ಮುಖವನ್ನು ತೆಳ್ಳಗೆ ಹೆರೆದು ಸಮ, ಮಾಡಿಸಿ, ಮತ್ತೆ ಪ್ಯಾಡ್ ಹಾಕಿದರು. 3,000ಕ್ಕೆ ವಾಪಸ್.

ಮೂರನೇ ಸಲ ಬಂದಾಗ ಕೋಪಕ್ಕಿಂತ ಹೆಚ್ಚಾಗಿ ಕುತೂಹಲ ಹುಟ್ಟಿತು. ಬಾಗಿದ ಡಿಸ್ಕ್ ಹಾಕಿದ್ದರೆ ಮೊದಲ ದಿನವೇ ನಡುಗಬೇಕಲ್ಲ? ಇದು ಸಾವಿರಾರು ಕಿಲೋಮೀಟರ್ ಸುಮ್ಮನಿದ್ದು ಆಮೇಲೆ ಯಾಕೆ ಶುರುವಾಗುತ್ತೆ? ಉತ್ತರ ಇದು: ಡಿಸ್ಕ್ ಓಲಾಡಿದ್ದಕ್ಕೇ ಪೆಡಲ್ ತಳ್ಳುವುದಿಲ್ಲ. ನನ್ನ ಗಾಡಿಯಂತೆ ಪ್ಯಾಡುಗಳನ್ನು ಹಿಡಿದಿರೋ ಕ್ಯಾಲಿಪರ್ ಪಿನ್ನಿನ ಮೇಲೆ ಜಾರುವಂಥದ್ದಾಗಿದ್ದರೆ, ಡಿಸ್ಕ್ ಅತ್ತಿತ್ತ ಓಲಾಡಿದಾಗ ಅದೂ ಜೊತೆಗೆ ಓಲಾಡಿಕೊಂಡು ಹೋಗುತ್ತೆ. ಆದರೆ ಬ್ರೇಕ್ ಬಿಟ್ಟು ಓಡುವಾಗ, ಡಿಸ್ಕಿನ ಓಲಾಡಿ ಹೊರಗೆ ಚಾಚಿದ ಜಾಗ ಪ್ರತಿ ಸುತ್ತಿಗೂ ಪ್ಯಾಡನ್ನು ಸವರಿಕೊಂಡು ಹೋಗುತ್ತೆ. ಕಿಲೋಮೀಟರಿಗೆ 450 ಸಲ. ಹಾಗೆ ಸವೆದೂ ಸವೆದೂ ಆ ಜಾಗದಲ್ಲಿ ಡಿಸ್ಕ್ ತೆಳ್ಳಗಾಗುತ್ತೆ. ದಪ್ಪ, ತೆಳು, ದಪ್ಪ, ತೆಳು. ಆಗ ಬ್ರೇಕ್ ಒತ್ತಿದರೆ ಪ್ಯಾಡು ಕ್ಯಾಲಿಪರಿನೊಳಗಿನ ಪಿಸ್ಟನ್ನನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತೆ, ಆಯಿಲ್ ನಿಮ್ಮ ಪೆಡಲನ್ನು ತಳ್ಳುತ್ತೆ. ನೂರರಲ್ಲಿ ಎರಡು, ಅಂದ್ರೆ 0.02 ಮಿ.ಮೀ. ದಪ್ಪದ ವ್ಯತ್ಯಾಸ ಬಂದರೂ ಸಾಕು ಕೈ ನಡುಗೋಕೆ. ಹೊಸ ಡಿಸ್ಕ್ ಹಾಕಿದಾಗ ದಪ್ಪ ಸರಿಯಾಯ್ತು, ಓಲಾಟ ಹಾಗೇ ಉಳೀತು. ನಾವು ಎರಡು ಸಲ ಜ್ವರಕ್ಕೆ ಮಾತ್ರೆ ನುಂಗಿ, ಕೀವು ತುಂಬಿದ ಗಾಯ ಹಾಗೇ ಬಿಟ್ಟಿದ್ವಿ.

ಒಂದು ಭಾನುವಾರ ಅಟ್ಟದ ಮೇಲಿನ ಟ್ರಂಕಿನಿಂದ ಡಯಲ್ ಗೇಜು, ಮ್ಯಾಗ್ನೆಟ್ ಸ್ಟ್ಯಾಂಡು, ಮೈಕ್ರೋಮೀಟರ್ ಇಳಿಸಿದೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದೆ ಎತ್ತಿ, ಚಾಸಿ ಕೆಳಗೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ನಂಬಿ ಕೆಳಗೆ ಕೂರಬೇಡಿ. ಮೊದಲು ಚಕ್ರದ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದೆ, ಬೇರಿಂಗ್ ಪ್ಲೇ ಇಲ್ಲ. ಎಡಬಲ ಹಿಡಿದು ನೋಡಿದೆ, ಸ್ಟೇರಿಂಗಿನ ಕೀಲು (ಟೈ ರಾಡ್ ಎಂಡ್) ಗಟ್ಟಿ. ಬೇರಿಂಗ್ ಸಡಿಲ ಇದ್ದರೆ ಡಯಲ್ ಹೇಳೋದೆಲ್ಲ ಸುಳ್ಳು, ಅದಕ್ಕೇ ಇದು ಮೊದಲು. ಆಮೇಲೆ ಚಕ್ರ ಬಿಚ್ಚಿ, ಕ್ಯಾಲಿಪರ್ ತೆಗೆದು ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿದೆ. ಬ್ರೇಕ್ ಪೈಪಿನಲ್ಲಿ ನೇತಾಡಿಸಿದ್ರೆ ಪೈಪ್ ಹಾಳು.

ಚಕ್ರ ಬಿಚ್ಚಿದ ಮೇಲೆ ಡಿಸ್ಕ್ ಹಬ್ ಮೇಲೆ, ಅಂದ್ರೆ ಚಕ್ರವನ್ನೂ ಡಿಸ್ಕನ್ನೂ ಹೊತ್ತು ತಿರುಗೋ ಭಾಗದ ಮೇಲೆ, ಸಡಿಲವಾಗಿ ಕೂತಿರುತ್ತೆ. ಆರು ಬೋಲ್ಟಿಗೂ ದಪ್ಪ ವಾಷರ್ ಕೊಟ್ಟು ನಟ್ ಹಾಕಿ, ಎದುರುಬದುರಾಗಿ ಬಿಗಿದೆ. ಸ್ಟ್ಯಾಂಡನ್ನು ನಕಲ್, ಅಂದ್ರೆ ಹಬ್ಬನ್ನು ಹಿಡಿದಿರೋ ಚಕ್ರದ ಜೊತೆ ಸುತ್ತದ ಭಾಗದ, ಮೇಲೆ ಕೂರಿಸಿ, ಗೇಜಿನ ತುದಿಯನ್ನು ಡಿಸ್ಕಿನ ಅಂಚಿನಿಂದ 10 ಮಿ.ಮೀ. ಒಳಗೆ ಇಟ್ಟು ಸೊನ್ನೆ ಮಾಡಿದೆ. ನನ್ನಾಕೆ ಹಾಲಿನ ಲೆಕ್ಕದ ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಕೂತಳು.

"ಎಷ್ಟು ಬರ್ಕೊಳ್ಳಲಿ?"

"ಎಡಗಡೆ ಮೂರು."

"ಮೂರು ಏನ್ರೀ?"

"ನೂರರಲ್ಲಿ ಮೂರು. ಮಿಲಿಮೀಟರಲ್ಲಿ."

ಅವಳು ನನ್ನ ಮುಖ ನೋಡಿದಳು. ಇದಕ್ಕಾ ಬೆಳಿಗ್ಗೆಯಿಂದ ಅಂಗಳದಲ್ಲಿ ಬಿದ್ದಿರೋದು ಅನ್ನೋ ನೋಟ. ಎಡಗಡೆ 0.03 ಬಂತು, ಒಳ್ಳೇದು. 0.05ರ ಒಳಗಿದ್ದರೆ ನೆಮ್ಮದಿ. ಬಲಗಡೆ ಡಿಸ್ಕ್ ಮೆಲ್ಲಗೆ ತಿರುಗಿಸಿದೆ. ಮುಳ್ಳು ಏರ್ತಾ ಏರ್ತಾ ಹೋಗಿ ಹದಿನಾಲ್ಕಕ್ಕೆ ನಿಂತು, ಅಷ್ಟೇ ನಿಧಾನಕ್ಕೆ ಇಳೀತು. 0.14. ಸುತ್ತಿಗೆ ಒಂದು ಏರು, ಒಂದು ಇಳಿತ. ಅಂದ್ರೆ ಡಿಸ್ಕ್ ಸುಕ್ಕಾಗಿಲ್ಲ, ಓರೆಯಾಗಿ ಕೂತಿದೆ. ಎಂಟು ಜಾಗದಲ್ಲಿ ಮೈಕ್ರೋಮೀಟರ್ ಇಟ್ಟು ದಪ್ಪ ನೋಡಿದರೆ ಅತಿ ಹೆಚ್ಚಿಗೂ ಅತಿ ಕಡಿಮೆಗೂ 0.028 ವ್ಯತ್ಯಾಸ.

ಓರೆ ಇರೋದು ಡಿಸ್ಕಿನಲ್ಲೋ ಹಬ್ಬಿನಲ್ಲೋ? ಇದನ್ನು ಹಿಡಿಯೋಕೆ ಟರ್ನರ್ ಆಗಬೇಕಿಲ್ಲ. ಹೆಚ್ಚು ಬಂದ ಜಾಗದಲ್ಲಿ ಡಿಸ್ಕ್ ಮೇಲೂ, ಅದರ ಹತ್ತಿರದ ಬೋಲ್ಟ್ ಮೇಲೂ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಡಿಸ್ಕ್ ತೆಗೆದು ಮೂರು ಬೋಲ್ಟ್ ಆಚೆಗೆ, ಅಂದ್ರೆ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ ಅಳೆಯಿರಿ. ಹೆಚ್ಚು ಬರುವ ಜಾಗ ಡಿಸ್ಕಿನ ಗುರುತಿನ ಜೊತೆ ಹೋದರೆ ಡಿಸ್ಕ್ ಕಳ್ಳ. ಬೋಲ್ಟಿನ ಹತ್ತಿರವೇ ಉಳಿದರೆ ಹಬ್. ನನ್ನದು ಬೋಲ್ಟ್ ಬಿಟ್ಟು ಕದಲಲಿಲ್ಲ.

ಡಿಸ್ಕ್ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಹಬ್ಬಿನ ಮುಖದ ಮೂರನೇ ಒಂದು ಭಾಗದಲ್ಲಿ ತುಕ್ಕು ಹೊಪ್ಪಳೆ ಕಟ್ಟಿ, ಒತ್ತಿ ಒತ್ತಿ ಕಲ್ಲಾಗಿತ್ತು. ನಮ್ಮ ಮಲೆನಾಡಿನ ಮಳೆಗೆ ತುಕ್ಕು ಹಿಡಿಯೋದು ದೊಡ್ಡ ವಿಷಯ ಅಲ್ಲ. ಆದರೆ ಎರಡು ಸಲ ಡಿಸ್ಕ್ ಬಿಚ್ಚಿದವರು ಅದನ್ನು ಒಂದು ಸಲವೂ ಉಜ್ಜಿರಲಿಲ್ಲ. ಹೊಪ್ಪಳೆಯ ದಪ್ಪ ಒಂದು ತಲೆಗೂದಲಿನಷ್ಟು, ಲೆಕ್ಕ ಹಾಕಿದರೆ ಸುಮಾರು 0.07. ಡಿಸ್ಕ್ ಕೂರುವ ಮುಖದ ಅಗಲ 150 ಮಿ.ಮೀ., ಗೇಜಿನ ತುದಿ ಇಟ್ಟ ಜಾಗದಲ್ಲಿ ಅಗಲ 280. ಒಳಗಿನ ಏಳು ಹೊರಗೆ ಬರೋ ಹೊತ್ತಿಗೆ ಹದಿಮೂರು, ಹದಿನಾಲ್ಕಾಗುತ್ತೆ. ಸ್ಕಿಮ್ಮಿಂಗ್ ಯಾಕೆ ಉಳೀಲಿಲ್ಲ ಅನ್ನೋದಕ್ಕೂ ಇಲ್ಲೇ ಉತ್ತರ: ಲೇತಿನ ಚಕ್‌ನಲ್ಲಿ ಡಿಸ್ಕ್ ಸೊನ್ನೆ, ಹಬ್ ಮೇಲೆ ಕೂತರೆ ಹದಿನಾಲ್ಕು.

ವೈರ್ ಬ್ರಷ್, ಆಮೇಲೆ ಚಪ್ಪಟೆ ಮರದ ತುಂಡಿಗೆ ಸುತ್ತಿದ ಎಮರಿ ಕಾಗದ. ಬೋಲ್ಟಿನ ಬುಡದ ಸುತ್ತ ಉಜ್ಜೋಕೆ ಅರ್ಧ ಗಂಟೆ ಹಿಡೀತು. ಡಿಸ್ಕಿನ ಒಳಮುಖಕ್ಕೂ ಅದೇ ಸೇವೆ. ಕೂರಿಸಿ ಅಳೆದೆ, 0.04. ಅಲ್ಲಿಗೆ ನಿಲ್ಲಿಸಬಹುದಿತ್ತು, ಹಳೇ ಚಾಳಿ ಬಿಡಲಿಲ್ಲ. ಒಂದೊಂದೇ ಬೋಲ್ಟ್ ತಿರುಗಿಸಿ ಆರು ಜಾಗದಲ್ಲೂ ನೋಡಿದೆ. ನಾಲ್ಕನೇ ಜಾಗದಲ್ಲಿ 0.02 ಬಂತು, ಅಲ್ಲೇ ಬಣ್ಣದ ಚುಕ್ಕೆ ಇಟ್ಟೆ.

ಆದರೆ ದಪ್ಪದ ವ್ಯತ್ಯಾಸ ಹೋಗಬೇಕಲ್ಲ. ಡಿಸ್ಕ್ ಅಂಚಿನಲ್ಲೇ ಕನಿಷ್ಠ ದಪ್ಪ ಅಚ್ಚು ಹಾಕಿರ್ತಾರೆ, ನನ್ನದಕ್ಕೆ 24 ಮಿ.ಮೀ., ಉಳಿದಿದ್ದು 25.1. ಪೇಟೆಯ ಲೇತ್ ಶಾಪಿಗೆ ನಾನೇ ಹೋಗಿ, ಕೂರುವ ಮುಖಕ್ಕೆ ಡಯಲ್ ಇಟ್ಟು ಸೊನ್ನೆ ಮಾಡಿಸಿ, ಎರಡೂ ಕಡೆ ಒಂದೊಂದು ಪಾಯಿಂಟ್, ಅಂದ್ರೆ 0.1 ಮಾತ್ರ ತೆಗೆಸಿದೆ. ಲೇತಿನವರು "ನೀವೇ ಹೊಡೀರಿ ಗೌಡ್ರೆ" ಅಂತ ಹ್ಯಾಂಡಲ್ ಬಿಟ್ಟುಕೊಟ್ಟರು. ಹನ್ನೊಂದು ವರ್ಷದ ಮೇಲೆ ಲೇತ್ ಮುಟ್ಟಿದ್ದು.

ಬಲಗಡೆ ಕ್ಯಾಲಿಪರಿನ ಕೆಳಗಿನ ಪಿನ್ ಒಣಗಿ ಬಿಗಿಯಾಗಿತ್ತು. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಒಂದೂವರೆ ಮಿಲಿ ಹೆಚ್ಚು ಸವೆದಿದ್ದು ಅದಕ್ಕೇ. ಪಿನ್ನಿಗೆ ಸಿಲಿಕೋನ್ ಗ್ರೀಸ್ ಹಾಕಿ, ಪ್ಯಾಡ್ ಹೊಸದು ಕೂರಿಸಿದೆ. ಚಕ್ರ ಹಾಕುವಾಗ ನಟ್ ಬಿಗಿಯೋ ಏರ್ ಗನ್ ಮುಟ್ಟಲಿಲ್ಲ. ಒಂದು ನಟ್ ಪೂರ್ತಿ ಬಿಗಿದು ಪಕ್ಕದ್ದಕ್ಕೆ ಹೋದರೆ ಡಿಸ್ಕ್ ಮತ್ತೆ ಓರೆಯಾಗಿ ಎಳೆದುಕೊಳ್ಳಬಹುದು. ಎದುರುಬದುರು, ಎರಡು ಸುತ್ತಿನಲ್ಲಿ, ಗಾಡಿ ಪುಸ್ತಕದಲ್ಲಿರೋ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿದೆ. ಹೊಸ ಪ್ಯಾಡ್ ಕೂರಲಿ ಅಂತ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಹತ್ತು ಸಲ, ಪೂರ್ತಿ ನಿಲ್ಲಿಸದೆ ಇಳಿಸಿ, ಆಮೇಲೆ ಆರಲು ಬಿಟ್ಟೆ.

ಘಾಟಿಯಲ್ಲಿ ನನ್ನ ಅಭ್ಯಾಸವೂ ಬದಲಾಗಿದೆ. ಮಾರನಹಳ್ಳಿ ದಾಟಿದ ಮೇಲೆ ಮೂರನೇ ಗೇರು, ಲೋಡ್ ಇದ್ದರೆ ಎರಡನೇದು, ಎಂಜಿನ್ನೇ ಹಿಡೀಲಿ. ಕೆಳಗೆ ಟೀ ಕುಡಿಯೋಕೆ ನಿಂತಾಗ ಬ್ರೇಕ್ ಒತ್ತಿಕೊಂಡು ಕೂರೋದಿಲ್ಲ. ಕೆಂಡದ ಹಾಗಿರೋ ಡಿಸ್ಕಿಗೆ ಪ್ಯಾಡ್ ಅಂಟಿ ನಿಂತರೆ ಅದರ ಮಸಿ ಅಲ್ಲೇ ಅಚ್ಚಾಗುತ್ತೆ, ಅದೂ ಇಂಥದೇ ನಡುಕಕ್ಕೆ ಬೀಜ. ಹಳ್ಳದ ನೀರು ತಂದು ಚಕ್ರಕ್ಕೆ ಎರಚುವವರನ್ನು ನೋಡಿದರೆ ಈಗ ಹೊಟ್ಟೆ ಉರಿಯುತ್ತೆ.

9,000 ಕಿ.ಮೀ. ಆಯ್ತು. ಕಳೆದ ತಿಂಗಳು ಮತ್ತೆ ಬಿಚ್ಚಿ ಅಳೆದೆ, ಬಲಗಡೆ 0.03. ಗ್ಯಾರೇಜಿನ ಹುಡುಗ ಪಕ್ಕದಲ್ಲೇ ಕೂತು ಎಲ್ಲ ನೋಡಿದ. "ಅಣ್ಣಾ, ಒಂದು ದಿನಕ್ಕೆ ಕೊಡಣ್ಣ, ನಮ್ಮಲ್ಲೊಂದು ಜೀಪ್ ಇದೇ ಕಂಪ್ಲೇಂಟಿಗೆ ಬಂದಿದೆ" ಅಂತ ಡಯಲ್ ಗೇಜು, ಸ್ಟ್ಯಾಂಡು ತಗೊಂಡು ಹೋದ. ಮೂರು ವಾರವಾಯ್ತು. ನಿನ್ನೆ ಅಂಗಡಿ ಮುಂದೆ ಹಾದು ಬರುವಾಗ ನೋಡಿದೆ, ನನ್ನ ಮ್ಯಾಗ್ನೆಟ್ ಸ್ಟ್ಯಾಂಡ್ ಒಂದು ಆಟೋದ ಹೊಟ್ಟೆಗೆ ಅಂಟಿಕೊಂಡಿತ್ತು.