ಎರಡನೆಯ ಈಡು

ಸೆಪ್ಟೆಂಬರ್ 3, 2024, ಮಂಗಳವಾರ
ಐನ್‌ಮನೆ (ನಮ್ಮ ಕುಟುಂಬದ ಮೂಲಮನೆ), ನಾಪೋಕ್ಲು ಹತ್ತಿರ, ಕೊಡಗು

ಇವತ್ತು ಕೈಲ್‌ಪೊಳ್ದ್, ನಮ್ಮ ಕೊಡವರ ಆಯುಧಪೂಜೆಯ ಹಬ್ಬ. ನಿನ್ನೆ ಸಂಜೆಯೇ ಮೈಸೂರಿನಿಂದ ಬಂದೆ. ಗದ್ದೆಯ ನಾಟಿ ಮುಗಿದಿದೆ. ಮಳೆ ಪೂರ್ತಿ ಬಿಟ್ಟಿಲ್ಲ, ಆದರೆ ಸುಸ್ತಾದ ಹಾಗೆ ನಿಂತು ನಿಂತು ಬರುತ್ತಿದೆ. ಬೆಳಗ್ಗೆ ತಮ್ಮ ದೇವರ ಕೋಣೆಯಾದ ಕನ್ನಿಕೋಂಬರೆಯಿಂದ ಎರಡೂ ಕೋವಿಗಳನ್ನು ಹೊರಗೆ ತಂದ. ಒಡಿಕತ್ತಿ, ಪೀಚೆಕತ್ತಿಯನ್ನೂ ತಂದ. ನಡುಬಾಡೆಯ ದೀಪದ ಎದುರು ಚಾಪೆ ಹಾಸಿ ಎಲ್ಲವನ್ನೂ ಮಲಗಿಸಿದೆವು. ಅತ್ತಿಗೆ ಬೇಲಿಯಿಂದ ತೋಕ್ ಪೂ ಕಿತ್ತು ತಂದಿದ್ದಳು. ಕನ್ನಡದಲ್ಲಿ ಗೌರಿ ಹೂ ಅಂತಾರೆ. ಕೆಂಪು ಹಳದಿ ದಳಗಳು ಬೆಂಕಿಯ ನಾಲಿಗೆಯ ಹಾಗೆ ಮೇಲಕ್ಕೆ ಮಡಚಿರುತ್ತವೆ. ಗೆಡ್ಡೆ ವಿಷ. ಸರಿಯಾಗಿ ಈ ಮಳೆಯಲ್ಲೇ ಅರಳುತ್ತದೆ. ನಮ್ಮ ಭಾಷೆಯಲ್ಲಿ ತೋಕ್ ಅಂದರೆ ಕೋವಿ. ಕೋವಿಯ ಬಾಯಿಗೆ ಸಿಕ್ಕಿಸುವ ಹೂವಾದ್ದರಿಂದ ಆ ಹೆಸರು.

ಅಜ್ಜನ ಕೋವಿಗೆ ಹೂ ಸಿಕ್ಕಿಸುವುದು ನನ್ನ ಕೆಲಸ. ಐವತ್ತಮೂರು ವರ್ಷವಾದರೂ ಆ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಅದು ಜೋಡಿ ನಳಿಗೆಯ ಕೇಪಿನ ಕೋವಿ. ತೋಟಾ ಹಾಕುವ ಕೋವಿಯಲ್ಲ, ಬಾಯಿಯಿಂದ ಮದ್ದು ತುಂಬುವ ಕೋವಿ. ಅಜ್ಜನಿಗೂ ಅವರ ಅಜ್ಜನಿಂದ ಬಂದದ್ದು. ನಳಿಗೆಯನ್ನು ಬೆಳಕಿಗೆ ಹಿಡಿದರೆ ಮೈಮೇಲೆ ಹಾವಿನ ಪೊರೆಯಂಥ ಗೆರೆಗಳು ಕಾಣುತ್ತವೆ. ಚಿಕ್ಕವಳಿದ್ದಾಗ ಯಾರೋ ಕೂತು ಕೆತ್ತಿದ್ದಾರೆ ಅಂದುಕೊಂಡಿದ್ದೆ. ಕೆತ್ತಿದ್ದಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಒಟ್ಟಿಗೆ ಹುರಿಮಾಡಿ, ಒಂದು ಸಲಾಕೆಗೆ ಸುತ್ತಿ, ಕೆಂಪಗೆ ಕಾಯಿಸಿ ಬಡಿದು ಬೆಸೆಯುತ್ತಿದ್ದರು. ಆ ಹುರಿಯ ಗುರುತೇ ಈ ಗೆರೆ. ನಳಿಗೆಯ ಅಡಿಯಲ್ಲಿ ಪುಟ್ಟ ಕಿರೀಟದ ಮುದ್ರೆ ಇದೆ. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯದ ಗುರುತು. 1813ರಲ್ಲಿ ಶುರುವಾದ ಜಾಗ. ಮಾರುವ ಮೊದಲು ಪ್ರತಿ ನಳಿಗೆಗೂ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸಿ ನೋಡುತ್ತಿದ್ದರು. ಸಿಡಿಯದೆ ಉಳಿದರೆ ಮುದ್ರೆ. ಇದನ್ನೆಲ್ಲ ನಾನು ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಜ್ಜ ಹೇಳಿದ್ದು ಇಷ್ಟೇ: "ಇದು ಕರಿ ಮದ್ದಿಗೆ ಹುಟ್ಟಿದ ಕೋವಿ. ಹೊಸ ಮದ್ದು ಹಾಕಿದರೆ ಕೈ ಹೋಗುತ್ತದೆ." ತೋಟಾದೊಳಗಿನ ಹೊಸ ಮದ್ದಿನ ಒತ್ತಡವನ್ನು ಇಂಥ ಹಳೆಯ ನಳಿಗೆ ತಡೆಯುವುದಿಲ್ಲ. ಅಜ್ಜ ಹೇಳಿದ್ದು ನೂರಕ್ಕೆ ನೂರು ನಿಜ.

ನಮ್ಮ ಕಡೆ ಗಂಡು ಮಗು ಹುಟ್ಟಿದರೆ ಒಂದು ಈಡು ಹೊಡೆಯುತ್ತಾರೆ. ಹರಳು ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಮಾಡಿ ಮಗುವಿನ ಕೈಗೆ ಮುಟ್ಟಿಸುತ್ತಾರೆ, ಅಂಗಳದಲ್ಲಿ ಕೋವಿ ಹಾರುತ್ತದೆ. ಸಾವಾದರೆ ಎರಡು ಈಡು, ಒಂದರ ಹಿಂದೆ ಒಂದು. ಫೋನಿಲ್ಲದ ಕಾಲ. ಒಂದೊಂದು ಮನೆ ಒಂದೊಂದು ಗುಡ್ಡದ ಮೇಲೆ. ಈಡು ಕೇಳಿದ ಕೂಡಲೇ ಗದ್ದೆಯಲ್ಲಿದ್ದವರು ನೆಟ್ಟಗೆ ನಿಂತು ಎಣಿಸುತ್ತಿದ್ದರು. ಎರಡಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಆ ದಿಕ್ಕಿಗೆ ಹೊರಡುವುದು.

ತಮ್ಮ ಹುಟ್ಟಿದಾಗ ಹಾರಿಸಿದ ಈಡಿನ ಕಥೆಯನ್ನು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ನನಗಾಗಿ ಕೋವಿ ಹಾರಿರಲಿಲ್ಲ. ಅದನ್ನು ಯಾರೂ ತಪ್ಪು ಅಂತ ಮಾಡಿದ್ದಲ್ಲ, ಪದ್ಧತಿಯೇ ಹಾಗೆ. ಆದರೂ ನನಗೆ ಅದು ಚುಚ್ಚುತ್ತಿತ್ತು. ಒಂದು ಸಲ ಅಜ್ಜನನ್ನೇ ಕೇಳಿದೆ, ನನಗ್ಯಾಕೆ ಇಲ್ಲ ಅಂತ. ಅಜ್ಜ ಅಂಗಳದಲ್ಲಿ ಕೂತು ಕೋವಿಗೆ ಎಣ್ಣೆ ಹಚ್ಚುತ್ತಿದ್ದರು. ಉತ್ತರ ಕೊಡಲಿಲ್ಲ.

1981ರ ಕೈಲ್‌ಪೊಳ್ದ್. ನನಗೆ ಹತ್ತು ವರ್ಷ. ಮಧ್ಯಾಹ್ನ ಕಡಂಬುಟ್ಟು, ಪಂದಿಕರಿ ಊಟ ಆಯಿತು. ಗಂಡಸರೆಲ್ಲ ತೆಂಗಿನಕಾಯಿಗೆ ಗುಂಡು ಹೊಡೆಯಲು ಕೆಳಗಿನ ಬಯಲಿಗೆ ಹೊರಟರು. ಎತ್ತರದ ಸಿಲ್ವರ್ ಓಕ್ ಮರದ ತುದಿಗೆ ಕಾಯಿ ಕಟ್ಟಿದ್ದರು. ಮೊದಲು ದೊಡ್ಡಪ್ಪ, ಆಮೇಲೆ ಅಪ್ಪ, ಆಮೇಲೆ ನೆಂಟರು. ಕಾಯಿ ಅಲ್ಲಾಡುತ್ತಿತ್ತು, ಬೀಳುತ್ತಿರಲಿಲ್ಲ. ಆಗ ಅಜ್ಜ ನನ್ನನ್ನು ಕರೆದರು. "ಬಾ ಮೂಡಿ. ನಿನ್ನದೊಂದು ಈಡು ಬಾಕಿ ಇದೆ" ಅಂದರು. ಮೂಡಿ ಅಂದರೆ ಹುಡುಗಿ.

ಅಂಗಳದಲ್ಲಿ ಕೇಳಿದ ಪ್ರಶ್ನೆಯನ್ನು ಅವರು ಮರೆತಿರಲಿಲ್ಲ.

ಕೋವಿ ತುಂಬುವುದನ್ನು ನಾನು ನೂರು ಸಲ ನೋಡಿದ್ದೆ. ಆ ದಿನ ಅಜ್ಜ ಒಂದೊಂದನ್ನೂ ನನಗೆ ತೋರಿಸುತ್ತಾ ನಿಧಾನವಾಗಿ ಮಾಡಿದರು. ಕೊಂಬಿನಿಂದ ಅಳತೆಯ ಮದ್ದು. ಮೇಲೆ ತೆಂಗಿನ ಕತ್ತದ ಉಂಡೆ. ಗಜ, ಅಂದರೆ ಉದ್ದನೆಯ ಸಲಾಕೆ, ಹಾಕಿ ಜಡಿತ. ಆಮೇಲೆ ಸೀಸದ ಸಣ್ಣ ಗುಂಡುಗಳಾದ ಚರೆ, ಮತ್ತೆ ಕತ್ತ, ಮತ್ತೆ ಗಜ. ಕೊನೆಗೆ ಕೇಪು. ತಾಮ್ರದ ಪುಟ್ಟ ಟೋಪಿಯ ಹಾಗಿರುತ್ತದೆ, ಉಗುರಿಗಿಂತ ಚಿಕ್ಕದು. ಅದನ್ನು ಮೊಲೆತೊಟ್ಟಿನಂಥ ಕೊಳವೆಯ ಮೇಲೆ ಕೂರಿಸಬೇಕು. ಕುದುರೆ, ಅಂದರೆ ಕೋವಿಯ ಪುಟ್ಟ ಸುತ್ತಿಗೆ, ಬಂದು ಬಡಿದಾಗ ಅದು ಸಿಡಿದು ಒಳಗಿನ ಮದ್ದಿಗೆ ಕಿಡಿ ಮುಟ್ಟುತ್ತದೆ. ಕೇಪು ಕೂರಿಸುವುದು ಕಟ್ಟಕಡೆಗೆ, ಕೋವಿಯ ಬಾಯಿ ಗುಡ್ಡದ ಕಡೆ ತಿರುಗಿದ ಮೇಲೆ ಮಾತ್ರ. ಅದಕ್ಕೂ ಮೊದಲು ಯಾರಾದರೂ ಕೇಪಿನ ಡಬ್ಬಿಗೆ ಕೈ ಹಾಕಿದರೆ ಅಜ್ಜ ಬೆರಳಿಗೆ ಹೊಡೆಯುತ್ತಿದ್ದರು. ದೊಡ್ಡಪ್ಪನಿಗೂ ಹೊಡೆದದ್ದನ್ನು ನೋಡಿದ್ದೇನೆ.

ಕೋವಿ ನನ್ನಷ್ಟೇ ಉದ್ದ ಇತ್ತು. ಅಜ್ಜ ನನ್ನ ಹಿಂದೆ ಮಂಡಿಯೂರಿ ಕೂತರು. ಅವರ ಎಡಗೈ ನಳಿಗೆಯ ಕೆಳಗೆ, ನನ್ನ ಕೈಯ ಕೆಳಗೆ. ಹಿಡಿಯನ್ನು ಹೆಗಲಿಗೆ ಒತ್ತಿ ಹಿಡಿ ಅಂದರು. ಸಡಿಲ ಬಿಟ್ಟರೆ ಒದೆಯುತ್ತದೆ, ಒತ್ತಿ ಹಿಡಿದರೆ ತಳ್ಳುತ್ತದೆ ಅಷ್ಟೇ. ಕೆನ್ನೆಗೆ ಮರ ತಣ್ಣಗೆ ತಾಗಿತು. ಎಣ್ಣೆ ಮತ್ತು ಹಳೆಯ ಹೊಗೆಯ ವಾಸನೆ. ನನ್ನ ಕಿವಿಯ ಹತ್ತಿರ ಅಜ್ಜನ ಉಸಿರು ನಿಂತಿತು. ನಾನೂ ಉಸಿರು ಹಿಡಿದೆ.

ಸದ್ದು ನೆನಪಿಲ್ಲ. ಹೊಗೆ ನೆನಪಿದೆ. ಕರಿ ಮದ್ದಿನ ಹೊಗೆ ಬೆಳ್ಳಗೆ, ದಪ್ಪಗೆ ಬರುತ್ತದೆ. ಮಳೆಗಾಲದ ಗಾಳಿಯಲ್ಲಿ ಅದು ಕರಗುವುದೇ ಇಲ್ಲ. ನಮ್ಮೆದುರು ಗೋಡೆಯ ಹಾಗೆ ನಿಂತುಬಿಟ್ಟಿತು. ಕಾಯಿ ಬಿತ್ತೋ ಇಲ್ಲವೋ ಅಂತ ನೋಡಲು ಹೊಗೆ ಸರಿಯುವವರೆಗೆ ಕಾಯಬೇಕಾಯಿತು. ಕಾಯಿ ಬಿದ್ದಿರಲಿಲ್ಲ. ಮರದ ಎಲೆಗಳು ಮಾತ್ರ ಉದುರುತ್ತಿದ್ದವು. ಅಜ್ಜ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಈಗ ಲೆಕ್ಕ ಸರಿಹೋಯಿತು."

ಹೆಗಲ ಮೇಲಿನ ನೀಲಿ ಕಲೆ ಒಂದು ವಾರ ಇತ್ತು. ಶಾಲೆಯಲ್ಲಿ ಗೆಳತಿಯರಿಗೆಲ್ಲ ತೋರಿಸಿದೆ.

ಅವತ್ತಿನಿಂದ ಕೋವಿ ತೊಳೆಯುವ ಕೆಲಸ ನನ್ನದಾಯಿತು. ಹಾರಿಸಿದವರೇ ತೊಳೆಯಬೇಕು ಅನ್ನುವುದು ಅಜ್ಜನ ನಿಯಮ. ಕರಿ ಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ. ಕೊಡಗಿನ ಮಳೆಯಲ್ಲಿ ಒಂದು ರಾತ್ರಿ ಬಿಟ್ಟರೂ ನಳಿಗೆಗೆ ತುಕ್ಕು. ಅದಕ್ಕೆ ಅದೇ ಸಂಜೆ ಕುದಿಯುವ ನೀರು ಹೊಯ್ಯುತ್ತಿದ್ದೆವು. ಮೊದಲು ಇಳಿಯುವ ನೀರು ಕಪ್ಪಗೆ, ಕೊಳೆತ ಮೊಟ್ಟೆಯ ವಾಸನೆ. ಅದು ಮದ್ದಿನ ಗಂಧಕ. ನೀರು ತಿಳಿಯಾಗುವವರೆಗೆ ಹೊಯ್ಯಬೇಕು. ನಳಿಗೆ ಬಿಸಿಯಾಗಿ ತಾನೇ ಒಣಗುತ್ತದೆ. ಆಮೇಲೆ ಗಜಕ್ಕೆ ಬಟ್ಟೆ ಸುತ್ತಿ ಎಣ್ಣೆ. ಹೀಗೆ ಒಲೆಯ ಪಕ್ಕ ಕೂತಾಗಲೇ ಅಜ್ಜ ಜಾಸ್ತಿ ಮಾತಾಡುತ್ತಿದ್ದದ್ದು. ಹನ್ನೆರಡು ಬೋರ್ ಅಂದರೆ ಏನು ಅಂತ ಕಲಿತದ್ದೂ ಅಲ್ಲೇ. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಉಂಡೆ ಮಾಡಿದರೆ, ಆ ಒಂದು ಉಂಡೆ ಸರಿಯಾಗಿ ಕೂರುವಷ್ಟು ಅಗಲದ ನಳಿಗೆ. ಹದಿನಾರು ಬೋರ್ ಅಂದರೆ ಹದಿನಾರು ಉಂಡೆ, ಹಾಗಾಗಿ ನಳಿಗೆ ಇನ್ನೂ ಸಣ್ಣದು. ಶಾಲೆಯ ಭಾಗಾಕಾರಕ್ಕಿಂತ ಇದು ಬೇಗ ತಲೆಗೆ ಹೋಯಿತು.

ಬೇಟೆಯ ಕಥೆಗಳನ್ನೂ ಹೇಳುತ್ತಿದ್ದರು. ಹಂದಿ ಬೇಟೆ, ನಾಯಿಗಳು, ಪಾಲು ಹಂಚುವ ರೀತಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅವರು ಕಾಡಿಗೆ ಕೋವಿ ಒಯ್ಯುವುದನ್ನು ನಿಲ್ಲಿಸಿದ್ದರು. ನಾನು ಬೇಟೆ ಕಂಡವಳೇ ಅಲ್ಲ. ಕಾಣದಿದ್ದದ್ದಕ್ಕೆ ಬೇಸರವೂ ಇಲ್ಲ. ನಮ್ಮ ಕಾಡಿನಲ್ಲಿ ಉಳಿದಿರುವುದೇ ಕಮ್ಮಿ.

ಮೈಸೂರಿನಲ್ಲಿ ಯಾರಾದರೂ ಕೇಳುತ್ತಾರೆ, ನಿಮಗೆ ಲೈಸೆನ್ಸ್ ಬೇಡವಂತೆ, ಹೌದಾ ಅಂತ. ಹೌದು. 1857ರ ದಂಗೆಯ ನಂತರ ಬ್ರಿಟಿಷರು ದೇಶದಲ್ಲೆಲ್ಲ ಜನರ ಕೈಯಿಂದ ಆಯುಧ ಕಿತ್ತುಕೊಂಡರು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಅದರಿಂದ ವಿನಾಯಿತಿ ಕೊಟ್ಟರು. ಬೆಂಗಳೂರಿನ ಕಬ್ಬನ್ ಪಾರ್ಕಿನ ಅದೇ ಕಬ್ಬನ್. ಸ್ವಾತಂತ್ರ್ಯದ ನಂತರ ಬಂದ 1959ರ ಆಯುಧ ಕಾಯ್ದೆಯ ಕೆಳಗೂ ಅದು ಮುಂದುವರಿಯಿತು. ಕೊಡವರಿಗೂ, ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿ ಹೊಂದಿದ ಬೇರೆ ಸಮುದಾಯದವರಿಗೂ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಕೋರ್ಟಿಗೂ ಹೋಯಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ನನಗೆ ಇದರಲ್ಲಿ ಹೆಮ್ಮೆ ಇದೆ. ಆದರೆ ಹೆಮ್ಮೆ ಬಂದಾಗಲೆಲ್ಲ ಅಜ್ಜ ಬೆರಳಿಗೆ ಹೊಡೆದದ್ದೂ ಒಟ್ಟಿಗೇ ನೆನಪಾಗುತ್ತದೆ. ಆ ಹೊಡೆತವಿಲ್ಲದ ಮನೆಯಲ್ಲಿ ಕೋವಿ ಇರಬಾರದು ಅಂತ ನನ್ನ ಅಭಿಪ್ರಾಯ.

ಇವತ್ತು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಮೂವತ್ತಾರು ವರ್ಷದಿಂದ ಯಾರಿಗೂ ಹೇಳದ ಒಂದು ವಿಷಯ ಇದೆ.

1988ರ ಜುಲೈ. ಕಕ್ಕಡ ತಿಂಗಳ ಮಳೆ. ಹೊರಗೆ ನಾಟಿ ನಡೆಯುತ್ತಿತ್ತು. ಅಜ್ಜ ಎರಡು ವಾರ ಮಲಗಿದ್ದು, ಒಂದು ಬೆಳಗ್ಗೆ ತೀರಿಕೊಂಡರು. ಅಪ್ಪ ಒಂದು ಮಾತೂ ಆಡದೆ ಕನ್ನಿಕೋಂಬರೆಗೆ ಹೋಗಿ ಅಜ್ಜನ ಕೋವಿಯನ್ನೇ ತಂದರು. ತೋಟಾ ಕೋವಿ ಪಕ್ಕದಲ್ಲೇ ಇತ್ತು, ಅದು ಸುಲಭ. ಆದರೆ ಅಜ್ಜನನ್ನು ಕಳಿಸಲು ಅಜ್ಜನ ಕೋವಿಯೇ ಬೇಕಿತ್ತು. ಎರಡೂ ನಳಿಗೆಗೆ ಮದ್ದು, ಕತ್ತ. ಚರೆ ಬೇಡ. "ಕೇಪು ತಾ" ಅಂದರು ನನಗೆ.

ಕೇಪಿನ ಡಬ್ಬಿ ಇರಬೇಕಾದದ್ದು ಅಕ್ಕಿಯ ಡ್ರಮ್ಮಿನೊಳಗೆ, ಅಕ್ಕಿಯಲ್ಲಿ ಹುದುಗಿ. ಅಕ್ಕಿ ತೇವ ಎಳೆದುಕೊಳ್ಳುತ್ತದೆ, ಕೇಪು ಒಣಗಿರುತ್ತದೆ. ಅಜ್ಜನ ವ್ಯವಸ್ಥೆ. ಆದರೆ ಹದಿನೈದು ದಿನ ಮೊದಲು, ಅಜ್ಜ ಮಲಗಿದ್ದಲ್ಲಿಂದಲೇ ಒಮ್ಮೆ ಕೇಪು ಎಣಿಸಿ ಹೇಳು ಅಂದಿದ್ದರು. ನಾನು ತೆಗೆದು ಎಣಿಸಿ ಹೇಳಿದೆ. ಆಮೇಲೆ ಡಬ್ಬಿಯನ್ನು ಕಿಟಕಿಯ ಮೇಲೆ ಇಟ್ಟು ಮರೆತೆ. ಮುಚ್ಚಳ ಪೂರ್ತಿ ಕೂತಿರಲಿಲ್ಲ. ಹದಿನೈದು ದಿನದ ಮಳೆಯ ಗಾಳಿ.

ಅಂಗಳದಲ್ಲಿ ಅಪ್ಪ ಕೋವಿ ಎತ್ತಿದರು. ಬಲ ನಳಿಗೆ ಹಾರಿತು. ಎಡ ನಳಿಗೆಯ ಕುದುರೆ ಬಿತ್ತು, ಟಿಕ್ ಅಂದಿತು, ಅಷ್ಟೇ.

ಕೇಪು ಸಿಡಿಯದಿದ್ದರೆ ಕೂಡಲೇ ಕೋವಿ ಇಳಿಸಬಾರದು. ಕಿಡಿ ಒಳಗೆ ಸುಮ್ನೆ ಹೊಗೆಯಾಡುತ್ತಿರಬಹುದು, ತಡವಾಗಿ ಹಾರಬಹುದು. ಬಾಯಿಯನ್ನು ಗುಡ್ಡದ ಕಡೆ ಹಿಡಿದುಕೊಂಡು ಅರುವತ್ತು ಎಣಿಸಬೇಕು. ಅಜ್ಜ ನಮಗೆಲ್ಲ ಕಲಿಸಿದ್ದು. ಅಪ್ಪ ಎಣಿಸಿದರು. ಮಳೆಯಲ್ಲಿ ನೆನೆಯುತ್ತಾ, ಕೋವಿಯನ್ನು ಗುಡ್ಡಕ್ಕೆ ಹಿಡಿದು, ತುಟಿ ಅಲ್ಲಾಡಿಸುತ್ತಾ ಎಣಿಸಿದರು. ನಾನೂ ಬಾಗಿಲಲ್ಲಿ ನಿಂತು ಎಣಿಸಿದೆ. ಅರುವತ್ತಾದ ಮೇಲೆ ಹಳೆಯ ಕೇಪು ತೆಗೆದು ಬೇರೆ ಹಾಕಿದರು. ಎರಡನೆಯ ಈಡು ಹಾರಿತು.

ಮಧ್ಯಾಹ್ನ ಕೆಳಗಿನ ಮನೆಯ ಅಜ್ಜಿ ಬಂದು ಅವ್ವನ ಕೈ ಹಿಡಿದು ಅತ್ತರು. "ಒಂದೇ ಕೇಳಿತು ನೋಡು. ಯಾರ ಮನೆಯಲ್ಲೋ ಗಂಡು ಮಗು ಹುಟ್ಟಿತು ಅಂದುಕೊಂಡು ಗದ್ದೆಯಲ್ಲಿ ಎಲ್ಲರೂ ನಕ್ಕೆವು. ಆಮೇಲೆ ಇನ್ನೊಂದು ಬಂತು" ಅಂದರು.

ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಮಳೆಗಾಲ, ಕೇಪು ಥಂಡಿ ಹಿಡಿದಿರಬೇಕು ಅಂದರು. ನಾನು ಡಬ್ಬಿಯನ್ನು ಒರೆಸಿ ಅಕ್ಕಿಯೊಳಗೆ ಹುದುಗಿಸಿ ಇಟ್ಟೆ. ಆ ರಾತ್ರಿ ಕೋವಿ ತೊಳೆದದ್ದೂ ನಾನೇ. ಬಹಳ ವರ್ಷ ಅಜ್ಜನಿಗೆ ದೊಡ್ಡ ಅಪಚಾರ ಮಾಡಿದೆ ಅನ್ನಿಸುತ್ತಿತ್ತು. ಈಗ ಅದೇ ನೋವು ಇದೆ, ಆದರೆ ಅದರ ಪಕ್ಕದಲ್ಲಿ ಇನ್ನೊಂದು ಚಿತ್ರವೂ ಇದೆ. ಆ ಒಂದು ನಿಮಿಷ ಈ ಕಣಿವೆಯಲ್ಲಿ ಅಜ್ಜ ಸತ್ತಿರಲಿಲ್ಲ. ಯಾರದೋ ಮನೆಯಲ್ಲಿ ಮಗು ಹುಟ್ಟಿತ್ತು. ಗದ್ದೆಯ ಕೆಸರಿನಲ್ಲಿ ಜನ ನಗುತ್ತಿದ್ದರು.

ಅಪ್ಪನೂ ಈಗಿಲ್ಲ. ಇವತ್ತು ತಮ್ಮನಿಗೆ ಹೇಳಿದೆ, ಎಣ್ಣೆ ಹಚ್ಚುತ್ತಾ ಕೂತಿದ್ದಾಗ. ಅವನು ತುಂಬ ಹೊತ್ತು ಬಟ್ಟೆಯನ್ನು ನಳಿಗೆಯ ಮೇಲೆ ಓಡಿಸುತ್ತಲೇ ಇದ್ದ. ಆಮೇಲೆ "ಅಪ್ಪನಿಗೆ ಗೊತ್ತಿತ್ತು. ಕಿಟಕಿಯಲ್ಲಿ ಡಬ್ಬಿ ಇದ್ದದ್ದನ್ನು ಅವರೇ ನನಗೆ ಹೇಳಿದ್ದರು" ಅಂದ.

ಅಜ್ಜನ ಕೋವಿಯನ್ನು ಈಗ ಹಾರಿಸುವುದಿಲ್ಲ. ನಳಿಗೆಯ ಒಳಗೆ ಗುಳಿ ಬಿದ್ದಿದೆ. ಹಬ್ಬಕ್ಕೆ ಹೂ, ಗಂಧ, ಎಣ್ಣೆ ಅಷ್ಟೇ. ಮಧ್ಯಾಹ್ನ ಬಯಲಿನಲ್ಲಿ ತೋಟಾ ಕೋವಿಯಿಂದ ಕಾಯಿಗೆ ಹೊಡೆದೆವು. ನನ್ನ ಈಡಿಗೆ ಕಾಯಿ ಒಡೆದು ನೀರು ಚಿಮ್ಮಿತು. ತಮ್ಮನ ಮಗಳು ಕುಣಿದಳು.

ರಾತ್ರಿ ಊಟಕ್ಕೆ ಕೂತಿದ್ದೆವು. ಹೊಳೆಯ ಆಚೆಯ ಗುಡ್ಡದಿಂದ ಒಂದು ಈಡು ಕೇಳಿತು. ಹಬ್ಬದ ದಿನ, ಯಾರೋ ಹೊಡೆದಿರಬಹುದು. ಆದರೂ ಅತ್ತಿಗೆ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ತಮ್ಮ ತಲೆ ಎತ್ತಿದ. ನಾನು ಮನಸ್ಸಿನಲ್ಲೇ ಎಣಿಸಲು ಶುರು ಮಾಡಿದೆ. ಎರಡನೆಯದು ಬರಲಿಲ್ಲ. ಅರುವತ್ತು ಮುಗಿಯುವವರೆಗೂ ನಾನು ತುತ್ತು ಎತ್ತಲಿಲ್ಲ.