ಡಿಸೆಂಬರ್ ಚರ್ಚೆಗೆ ಜನವರಿಯಿಂದಲೇ ತಯಾರಿ: ಕ್ರೀಡಾ ಡೆಸ್ಕ್ ನನಗೆ ಕಲಿಸಿದ್ದು

ನಾನು ಕನ್ನಡ ದಿನಪತ್ರಿಕೆಯೊಂದರ ಕ್ರೀಡಾ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಏಜೆನ್ಸಿ ಸುದ್ದಿ ತಿದ್ದುವುದು, ತಲೆಬರಹ ಕೊಡುವುದು, ರಾತ್ರಿ ಹೊತ್ತಿಗೆ ಸರಿಯಾಗಿ ಪುಟ ಬಿಡುವುದು, ಇದು ದಿನದ ಕೆಲಸ. ಡಿಸೆಂಬರ್ ಬಂದರೆ ಇದರ ಜೊತೆ ವರ್ಷದ ಹಿನ್ನೋಟದ ಪುಟವೂ ಸೇರಿಕೊಳ್ಳುತ್ತದೆ. ಆ ಪುಟದ ಮೇಲ್ಭಾಗದಲ್ಲಿ ಯಾರ ಫೋಟೊ ದೊಡ್ಡದಾಗಿ ಬರಬೇಕು, ಅಂದರೆ ವರ್ಷದ ಕ್ರೀಡಾಪಟು ಯಾರು ಅನ್ನುವುದನ್ನು ನಾವೇ ಕೂತು ತೀರ್ಮಾನ ಮಾಡಬೇಕು. ಕೇಂದ್ರ ಸರ್ಕಾರ ಕೊಡುವ ದೊಡ್ಡ ಕ್ರೀಡಾ ಪ್ರಶಸ್ತಿ ಖೇಲ್ ರತ್ನದ ಪಟ್ಟಿಯ ಸುದ್ದಿಯೂ ಅದೇ ಹೊತ್ತಿಗೆ ಬಂದರೆ ಮುಗಿಯಿತು, ಚಹಾ ತಣ್ಣಗಾದರೂ ಮಾತು ತಣ್ಣಗಾಗುವುದಿಲ್ಲ.

ಈ ಚರ್ಚೆಯನ್ನು ಕೆಲವರು ಟೈಂಪಾಸ್ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಒಬ್ಬ ಆಟಗಾರ್ತಿ ಹತ್ತು ಹದಿನೈದು ವರ್ಷ ಬೆವರು ಸುರಿಸಿ ಗಳಿಸಿದ್ದನ್ನು ನಾವು ಒಂದು ಸಂಜೆಯಲ್ಲಿ ತೂಗುತ್ತೇವೆ. ತೂಗುವ ಕೈ ನೆಟ್ಟಗಿರಬೇಕು ಅಲ್ವಾ?

2024ರ ಹಿನ್ನೋಟವನ್ನೇ ತೆಗೆದುಕೊಳ್ಳಿ. ಬಾಯಿಗೆ ಮೊದಲು ಬರುವ ಹೆಸರುಗಳು ಮೂರು. ಆ ವರ್ಷ ಟಿ20 ವಿಶ್ವಕಪ್‌ನ ಸರಣಿಶ್ರೇಷ್ಠನಾಗಿ, ಟೆಸ್ಟ್‌ನಲ್ಲಿ 71 ವಿಕೆಟ್ ಕಿತ್ತ ಜಸ್‌ಪ್ರೀತ್ ಬೂಮ್ರಾ. ಡಿಸೆಂಬರ್ 12ರಂದು ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ 18ನೇ ವಯಸ್ಸಿಗೇ ಚೆಸ್ ವಿಶ್ವ ಚಾಂಪಿಯನ್ ಆದ ಡಿ. ಗುಕೇಶ್. ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗ್‌ನಲ್ಲಿ ಎರಡು ಕಂಚು ಗೆದ್ದ ಮನು ಭಾಕರ್. ಸ್ವತಂತ್ರ ಭಾರತದ ಒಬ್ಬ ಕ್ರೀಡಾಪಟು ಒಂದೇ ಒಲಿಂಪಿಕ್ಸ್‌ನಲ್ಲಿ ಎರಡು ಪದಕ ಗೆದ್ದದ್ದು ಅದೇ ಮೊದಲು. ಇವರ ಬಗ್ಗೆ ಯಾರೂ ನೆನಪು ಮಾಡಿಕೊಡಬೇಕಾಗಿಲ್ಲ.

ನೆನಪು ಮಾಡಿಕೊಡಬೇಕಾದವರು ಬೇರೆಯೇ ಇದ್ದಾರೆ. ಕೊಡಗಿನ ರೋಹನ್ ಬೋಪಣ್ಣ ಆ ವರ್ಷದ ಜನವರಿ 27ರಂದು ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಟೆನಿಸ್‌ನ ಡಬಲ್ಸ್ ಗೆದ್ದರು. ಆಗ ಅವರಿಗೆ 43 ವರ್ಷ. ಅದೇ ಗೆಲುವಿನ ಬೆನ್ನಿಗೆ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ಅಷ್ಟು ವಯಸ್ಸಿನಲ್ಲಿ ಮೊದಲ ಬಾರಿ ಆ ಪಟ್ಟಕ್ಕೆ ಏರಿದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ. ಡಿಸೆಂಬರ್ ಹೊತ್ತಿಗೆ ಅದು ಹಿಂದಿನ ವರ್ಷದ ಮಾತು ಅನ್ನುವ ಹಾಗೆ ದೂರ ಹೋಗಿರುತ್ತದೆ. ಅಪರಾಧ ಬೋಪಣ್ಣ ಅವರದಲ್ಲ, ಕ್ಯಾಲೆಂಡರಿನದು. ಜನವರಿಯಲ್ಲಿ ಗೆದ್ದವರಿಗೆ ಡಿಸೆಂಬರ್‌ನಲ್ಲಿ ವಕೀಲರು ಬೇಕಾಗುತ್ತದೆ.

ಇನ್ನೊಬ್ಬರು ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ. 2024ರ ನವೆಂಬರ್‌ನಲ್ಲಿ ದೋಹಾದಲ್ಲಿ ವಿಶ್ವ ಬಿಲಿಯರ್ಡ್ಸ್ ಗೆದ್ದರು. ಅದು ಅವರ 28ನೇ ವಿಶ್ವ ಪ್ರಶಸ್ತಿ. ಇಪ್ಪತ್ತೆಂಟು! ಬೇರೆ ಯಾವುದೇ ಆಟದಲ್ಲಿ ಇದು ಆಗಿದ್ದರೆ ಮುಖಪುಟದಲ್ಲಿ ಪಟ್ಟಿಯಿಡೀ ಬಿಡಿಸಿ ಹಾಕುತ್ತಿದ್ದರು. ಆ ವಾರ ದಕ್ಷಿಣ ಆಫ್ರಿಕಾದಲ್ಲಿ ಭಾರತದ ಟಿ20 ಸರಣಿ ಶುರುವಾಗಿತ್ತು, ಸಂಜು ಸ್ಯಾಮ್ಸನ್ ಡರ್ಬನ್‌ನಲ್ಲಿ ಶತಕ ಹೊಡೆದಿದ್ದರು. ಅಂಥ ದಿನ ಕ್ರೀಡಾ ಪುಟದ ಮೇಲ್ಭಾಗ ಯಾರಿಗೆ ಹೋಗುತ್ತದೆ ಅಂತ ನಮ್ಮ ವೃತ್ತಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಕೆಲಸ ನನಗೆ ಕಲಿಸಿದ ಮುಖ್ಯ ಪಾಠ ಇಲ್ಲೇ ಇದೆ. ವರ್ಷದ ಕೊನೆಗೆ ನಾವು ಸಾಧನೆಗಳನ್ನು ತೂಗುತ್ತಿದ್ದೇವೆ ಅಂದುಕೊಳ್ಳುತ್ತೇವೆ. ನಿಜವಾಗಿ ತೂಗುವುದು ನೆನಪುಗಳನ್ನು. ಆ ನೆನಪನ್ನು ಬೆಳೆಸಿದ್ದು ವರ್ಷವಿಡೀ ನಾವೇ ಕೊಟ್ಟ ಜಾಗ. ಪುಟದ ಲೀಡ್ ಸುದ್ದಿ ನೆನಪಿರುತ್ತದೆ, ಸಿಂಗಲ್ ಕಾಲಂ ಮರೆತುಹೋಗುತ್ತದೆ. ಓದುಗರ ಪಾಲಿಗೂ ಅಷ್ಟೇ, ನಮ್ಮ ಪಾಲಿಗೂ ಅಷ್ಟೇ. ಹಾಗಾಗಿ ಯಾರು ಅರ್ಹರು ಅನ್ನುವ ಚರ್ಚೆಯ ಅರ್ಧ ಭಾಗ ಡಿಸೆಂಬರ್‌ಗೆ ಮುಂಚೆಯೇ, ಪ್ರತಿದಿನ ಪುಟ ಕಟ್ಟುವಾಗಲೇ ನಡೆದುಹೋಗಿರುತ್ತದೆ.

ಇದಕ್ಕೆ ನಮ್ಮ ಡೆಸ್ಕ್‌ನ ಹಿರಿಯರೊಬ್ಬರು ಒಂದು ಸರಳ ಅಭ್ಯಾಸ ಹಾಕಿಕೊಟ್ಟರು. ತಿಂಗಳ ಕೊನೆಗೆ ಒಂದು ನೋಟ್‌ಬುಕ್‌ನಲ್ಲಿ ಆ ತಿಂಗಳ ದೊಡ್ಡ ಸಾಧನೆಗಳನ್ನು ಬರೆದಿಡುವುದು. ಆಟ, ಹೆಸರು, ಕೂಟ, ಫಲಿತಾಂಶ, ಇಷ್ಟೇ. ವಿಶೇಷಣಗಳು ಬೇಡ. ಪ್ಯಾರಾ ಕ್ರೀಡೆಗೆ ಬೇರೆ ಪಟ್ಟಿ ಇಲ್ಲ, ಎಲ್ಲರೂ ಒಂದೇ ಸಾಲಿನಲ್ಲಿ. ಚರ್ಚೆಗೆ ಕೂರುವಾಗ ಮೊದಲು ಅದನ್ನು ಒಬ್ಬರು ಜೋರಾಗಿ ಓದುತ್ತಾರೆ. ಆಮೇಲೆ ಮಾತು. ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ 7 ಚಿನ್ನ ಸೇರಿ 29 ಪದಕ ಬಂದವು. ಓದುವಾಗ ಆ ಹೆಸರುಗಳು ಮುಗಿಯುವುದೇ ಇಲ್ಲ. ಆ ಪಟ್ಟಿ ಕಿವಿಗೆ ಬಿದ್ದ ಮೇಲೆ 'ಬೂಮ್ರಾ ಬಿಟ್ಟರೆ ಇನ್ಯಾರ್ರೀ?' ಅನ್ನುವ ಪ್ರಶ್ನೆ ಅಷ್ಟು ಸಲೀಸಾಗಿ ಬಾಯಿಂದ ಬರುವುದಿಲ್ಲ.

ನೆನಪಿನ ತೊಂದರೆ ಬೇಡ, ಅಂಕ ಹಾಕಿಬಿಡೋಣ ಅಂತ ನೀವು ಕೇಳಬಹುದು. ಸರ್ಕಾರ ಅದನ್ನೂ ಮಾಡಿ ನೋಡಿದೆ. ಖೇಲ್ ರತ್ನಕ್ಕೆ ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್ ಪದಕಗಳಿಗೆ ಇಷ್ಟಿಷ್ಟು ಅಂಕ ಅಂತ ಗೊತ್ತುಮಾಡಿದರು. ಜಗಳ ನಿಲ್ಲಲಿಲ್ಲ, ಕೋರ್ಟ್ ಮೆಟ್ಟಿಲು ಹತ್ತಿತು. ಹತ್ತಿಸಿದವರು ನಮ್ಮ ರಾಜ್ಯದ ಎಚ್.ಎನ್. ಗಿರೀಶ.

ಗಿರೀಶ ಅವರ ಕತೆಯನ್ನು ನಾನು ಡೆಸ್ಕ್‌ಗೆ ಹೊಸದಾಗಿ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಹೈಜಂಪ್‌ನಲ್ಲಿ ಅವರು 1.74 ಮೀಟರ್ ಜಿಗಿದು ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಫಿಜಿಯ ಇಲಿಯೆಸಾ ಡೆಲಾನಾ ಜಿಗಿದದ್ದೂ 1.74 ಮೀಟರೇ. ಆ ಕೂಟದಲ್ಲಿ ಭಾರತಕ್ಕೆ ಬಂದದ್ದು ಅದೊಂದೇ ಪದಕ. 2015ರಲ್ಲಿ ಖೇಲ್ ರತ್ನಕ್ಕೆ ಸಾನಿಯಾ ಮಿರ್ಜಾ ಹೆಸರು ಬಂದಾಗ ಗಿರೀಶ ಕರ್ನಾಟಕ ಹೈಕೋರ್ಟ್‌ಗೆ ಹೋದರು. ಸರ್ಕಾರವೇ ಮಾಡಿದ ಅಂಕಪಟ್ಟಿಯ ಪ್ರಕಾರ ತನಗೆ 90 ಅಂಕ ಇದೆ, ಎಲ್ಲರಿಗಿಂತ ಮೇಲಿದ್ದೇನೆ ಅನ್ನುವುದು ಅವರ ವಾದ. ಹೈಕೋರ್ಟ್ ಕೇಂದ್ರ ಸರ್ಕಾರಕ್ಕೂ ಸಾನಿಯಾಗೂ ನೋಟಿಸ್ ಕೊಟ್ಟಿತು. ಆಗಸ್ಟ್ 29ರಂದು ರಾಷ್ಟ್ರಪತಿ ಭವನದಲ್ಲಿ ಸಾನಿಯಾ ಪ್ರಶಸ್ತಿ ಪಡೆದರು.

ಇಲ್ಲಿ ಯಾರನ್ನು ತಪ್ಪು ಅನ್ನುತ್ತೀರಿ? ಸಾನಿಯಾ ಆಗಷ್ಟೇ ಮಾರ್ಟಿನಾ ಹಿಂಗಿಸ್ ಜೊತೆ ವಿಂಬಲ್ಡನ್ ಗೆದ್ದಿದ್ದರು, ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆಗಿದ್ದರು. ಟೆನಿಸ್ ಆಡುವವರಿಗೆ ಅದಕ್ಕಿಂತ ದೊಡ್ಡ ಗೆಲುವು ಯಾವುದಿದೆ? ಆದರೆ ಅಂಕಪಟ್ಟಿಯಲ್ಲಿ ವಿಂಬಲ್ಡನ್‌ನಂಥ ಗ್ರ್ಯಾಂಡ್ ಸ್ಲಾಮ್ ಕೂಟಗಳಿಗೆ ಜಾಗ ಇರಲಿಲ್ಲ. ಗಿರೀಶ ಅವರ ಬೆಳ್ಳಿಗೆ ಅಂಕಪಟ್ಟಿಯಲ್ಲಿ ಜಾಗ ಇತ್ತು, ಜನರ ಮನಸ್ಸಿನಲ್ಲಿ ಇರಲಿಲ್ಲ. 2018ರಲ್ಲಿ ಇದೇ ಮತ್ತೆ ನಡೆಯಿತು. ವಿರಾಟ್ ಕೊಹ್ಲಿಗೆ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಜೊತೆ ಖೇಲ್ ರತ್ನ ಬಂತು. ಅಂಕಪಟ್ಟಿಯಲ್ಲಿ ಕ್ರಿಕೆಟ್‌ಗೆ ಲೆಕ್ಕವೇ ಇಲ್ಲದ್ದರಿಂದ ಕೊಹ್ಲಿಗೆ ಇದ್ದದ್ದು ಸೊನ್ನೆ. 80 ಅಂಕ ಇದ್ದ ಕುಸ್ತಿಪಟು ಬಜರಂಗ್ ಪೂನಿಯಾ ಕೋರ್ಟ್‌ಗೆ ಹೋಗುವ ಮಾತಾಡಿದರು. ಮರುವರ್ಷ ಅವರಿಗೂ ಬಂತು ಅನ್ನಿ.

ನನ್ನ ಅಭಿಪ್ರಾಯ ಹೇಳುತ್ತೇನೆ. ಅಂಕಪಟ್ಟಿ ಇರಲೇಬೇಕು. ಗಿರೀಶ ಅವರಂಥವರಿಗೆ ಪ್ರಶ್ನೆ ಕೇಳಲು ಇರುವ ಆಧಾರ ಅದೊಂದೇ. ಆದರೆ ಪಟ್ಟಿಯನ್ನು ಬದಿಗಿಟ್ಟು ಬೇರೆಯವರನ್ನು ಆರಿಸಿದಾಗ ಯಾಕೆ ಆರಿಸಿದೆವು ಅಂತ ಬರೆದು ಹೇಳಬೇಕು. ಸಾನಿಯಾ ಅರ್ಹರೇ ಆಗಿದ್ದರು, ಕಾರಣವನ್ನು ಎರಡು ಸಾಲಿನಲ್ಲಿ ಬರೆಯುವುದು ಕಷ್ಟದ ಕೆಲಸ ಏನಲ್ಲ. ನಮ್ಮ ಡೆಸ್ಕ್‌ನಲ್ಲಿ ಈಗ ಇದೇ ನಿಯಮ. ಹಿನ್ನೋಟದ ಪುಟದಲ್ಲಿ ಆಯ್ಕೆಯಾದವರ ಫೋಟೊ ಕೆಳಗೆ ಆಯ್ಕೆಯ ಕಾರಣ ಅಚ್ಚಾಗಬೇಕು. ಬರೆಯಲು ಕೂತಾಗಲೇ ನಮ್ಮ ವಾದ ಎಷ್ಟು ಗಟ್ಟಿ ಅಂತ ನಮಗೇ ಗೊತ್ತಾಗುತ್ತದೆ. 'ಎಲ್ಲರಿಗೂ ಇಷ್ಟ' ಅನ್ನುವುದನ್ನು ಕಾರಣ ಅಂತ ಬರೆಯಲು ಕೈ ಬರುವುದಿಲ್ಲ.

ಇನ್ನೊಂದು ಗೊಂದಲವನ್ನು ಚರ್ಚೆಗೆ ಮುಂಚೆಯೇ ಬಗೆಹರಿಸಿಕೊಳ್ಳಬೇಕು. ನಾವು ಕೇಳುತ್ತಿರುವುದು ಈ ವರ್ಷ ಯಾರದು ಅಂತಲೋ, ದೊಡ್ಡ ಆಟಗಾರ ಯಾರು ಅಂತಲೋ? ಖೇಲ್ ರತ್ನ ನೋಡುವುದು ಹಿಂದಿನ ನಾಲ್ಕು ವರ್ಷಗಳ ಆಟವನ್ನು. ನಮ್ಮ ಪುಟ ನೋಡುವುದು ಹನ್ನೆರಡು ತಿಂಗಳನ್ನು. ಇದು ಗೊತ್ತಿಲ್ಲದೆ ಶುರುವಾದ ಜಗಳ ಸುಮ್ನೆ ಸುತ್ತು ಹೊಡೆಯುತ್ತದೆ. ದ್ರಾವಿಡ್‌ಗೆ, ಕುಂಬ್ಳೆಗೆ ಖೇಲ್ ರತ್ನ ಯಾಕೆ ಬರಲಿಲ್ಲ ಅಂತ ಓದುಗರು ಈಗಲೂ ಕೇಳುತ್ತಾರೆ. ಆ ನೋವು ನನಗೂ ಇದೆ. ಆದರೆ ಅದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ದಿನ ಕೂರಬೇಕು.

2024ರ ಡಿಸೆಂಬರ್ ಕೊನೆಗೆ ಮನು ಭಾಕರ್ ಹೆಸರು ಖೇಲ್ ರತ್ನದ ಶಿಫಾರಸು ಪಟ್ಟಿಯಲ್ಲಿ ಇಲ್ಲ ಅನ್ನುವ ಸುದ್ದಿ ಬಂದಾಗ ನಾವೆಲ್ಲ ಹೌಹಾರಿದೆವು. ಅರ್ಜಿಯನ್ನೇ ಹಾಕಿಲ್ಲ ಅಂತ ಸಚಿವಾಲಯದ ಕಡೆಯವರು, ಹಾಕಿದ್ದೇವೆ ಅಂತ ಮನು ಕಡೆಯವರು. ಮಗಳನ್ನು ಶೂಟಿಂಗ್‌ಗೆ ಹಾಕುವ ಬದಲು ಕ್ರಿಕೆಟರ್ ಮಾಡಬೇಕಿತ್ತು ಅಂತ ಅವರ ತಂದೆ ನೊಂದು ಹೇಳಿದರು. ಅರ್ಜಿ ಸಲ್ಲಿಸುವಾಗ ಬಹುಶಃ ತನ್ನ ಕಡೆಯಿಂದಲೇ ಲೋಪ ಆಗಿರಬಹುದು ಅಂತ ಮನು ತಾವೇ ಬರೆದು ವಿವಾದ ತಣ್ಣಗೆ ಮಾಡಿದರು. ಜನವರಿ 2ರಂದು ಅಂತಿಮ ಪಟ್ಟಿ ಬಂತು. ಗುಕೇಶ್, ಮನು, ಹಾಕಿ ನಾಯಕ ಹರ್ಮನ್‌ಪ್ರೀತ್ ಸಿಂಗ್, ಪ್ಯಾರಾ ಹೈಜಂಪರ್ ಪ್ರವೀಣ್ ಕುಮಾರ್, ನಾಲ್ವರಿಗೂ ಖೇಲ್ ರತ್ನ. ನನಗೆ ಖುಷಿಯಾಯಿತು. ಜೊತೆಗೆ ಒಂದು ಯೋಚನೆಯೂ ಉಳಿಯಿತು. ಮನು ಹೆಸರಿಲ್ಲದಿದ್ದರೆ ದೇಶವೇ ಕೇಳುತ್ತದೆ. ಯಾರಿಗೂ ಗೊತ್ತಿಲ್ಲದ ಆಟದ ಹುಡುಗಿಯ ಅರ್ಜಿ ಎಲ್ಲೋ ಸಿಕ್ಕಿಹಾಕಿಕೊಂಡರೆ ಕೇಳುವವರು ಯಾರು? ಅದನ್ನು ಕೇಳಬೇಕಾದ್ದು ನಮ್ಮ ಕೆಲಸ.

ಚರ್ಚೆ ಮಾಡುವ ರೀತಿಯ ಬಗ್ಗೆಯೂ ಒಂದು ಮಾತು. ಒಬ್ಬರನ್ನು ಎತ್ತಲು ಇನ್ನೊಬ್ಬರನ್ನು ಇಳಿಸುವುದು ಬಹಳ ಸುಲಭ. 'ಡಿಂಗ್ ಎಡವಿದ, ಗುಕೇಶ್ ಗೆದ್ದ, ಅದರಲ್ಲೇನು?' ಅಂತ ಹೇಳುವವರನ್ನು ಕಂಡಿದ್ದೇನೆ. ಆ ಕೊನೆಯ, 14ನೇ ಗೇಮ್ ಎಲ್ಲರ ಲೆಕ್ಕದಲ್ಲೂ ಡ್ರಾ ಕಡೆಗೆ ಹೋಗುತ್ತಿತ್ತು. ಗುಕೇಶ್ ಹತ್ತಿರ ಜಾಸ್ತಿ ಇದ್ದದ್ದು ಒಂದೇ ಒಂದು ಕಾಲಾಳು (ಪಾನ್). ಕೈ ಕುಲುಕಿ ಎದ್ದಿದ್ದರೆ ಮರುದಿನ ಟೈಬ್ರೇಕ್ ಇರುತ್ತಿತ್ತು. ಎದ್ದೇಳಲಿಲ್ಲ. ಗಂಟೆಗಟ್ಟಲೆ ಒತ್ತಡ ಹಾಕುತ್ತಲೇ ಇದ್ದ. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ತಪ್ಪು ಮನೆಗೆ ಇಟ್ಟರು, ಅಲ್ಲಿಗೆ ಮುಗಿಯಿತು. ಎದುರಾಳಿ ಎಡವುವ ತನಕ ಕೂತುಕೊಳ್ಳುವುದೂ ಆಟವೇ. ಅದಕ್ಕೇ ನಾವು ಚರ್ಚೆಯಲ್ಲಿ ಒಬ್ಬೊಬ್ಬರೂ ತಮಗೆ ಹೆಚ್ಚು ಗೊತ್ತಿಲ್ಲದ ಆಟದವರ ಪರವಾಗಿ ಮಾತಾಡಬೇಕು ಅಂತ ಮಾಡಿಕೊಂಡಿದ್ದೇವೆ. ಕ್ರಿಕೆಟ್ ಬರೆಯುವವರು ಬಿಲಿಯರ್ಡ್ಸ್ ಪರ, ಟೆನಿಸ್ ಬರೆಯುವವರು ಕುಸ್ತಿ ಪರ. ಹಿಂದಿನ ರಾತ್ರಿ ಕೂತು ಓದಿಕೊಂಡೇ ಬರಬೇಕಾಗುತ್ತದೆ.

2024ಕ್ಕೆ ನನ್ನ ಮತ ಮನು ಭಾಕರ್‌ಗೆ. ಟೋಕಿಯೊದಲ್ಲಿ ಅರ್ಹತಾ ಸುತ್ತಿನ ನಡುವೆಯೇ ಪಿಸ್ತೂಲ್ ಕೈಕೊಟ್ಟು ಬರಿಗೈಯಲ್ಲಿ ಬಂದವರು, ಮೂರು ವರ್ಷದ ನಂತರ ಅದೇ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ಎರಡು ಪದಕ ಹಿಡಿದು ಬಂದರು. ನನ್ನ ಪಕ್ಕದ ಸಹೋದ್ಯೋಗಿಯ ಮತ ಗುಕೇಶ್‌ಗೆ. ಅವರು ಬರೆದ ಕಾರಣವೂ ನನ್ನದಕ್ಕಿಂತ ಕಡಿಮೆ ಇಲ್ಲ.

ಒಂದು ವಿಷಯ ಮಾತ್ರ ನಮ್ಮಲ್ಲಿ ಇನ್ನೂ ಬಗೆಹರಿದಿಲ್ಲ. ಕಬಡ್ಡಿ. ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟಕ್ಕೆ ಅಂಕ ಗಳಿಸುವ ದಾರಿಯೇ ಕಿರಿದು. 2024ರ ಪಟ್ಟಿಯ ತನಕ ಕಬಡ್ಡಿಯ ಒಬ್ಬರಿಗೂ ಖೇಲ್ ರತ್ನ ಬಂದಿಲ್ಲ. ಜಗತ್ತಿನ ಕೆಲವೇ ದೇಶಗಳು ಆಡುವ ಆಟದ ಗೆಲುವನ್ನು ಒಲಿಂಪಿಕ್ ಪದಕದ ಪಕ್ಕ ಇಡಬಾರದು ಅಂತ ಡೆಸ್ಕ್‌ನ ಅರ್ಧ ಜನ ಹೇಳುತ್ತಾರೆ. ನಮ್ಮ ಊರೂರಲ್ಲಿ ಹುಡುಗರು ಮಣ್ಣಿನಲ್ಲಿ ಆಡುವ ಆಟಕ್ಕೆ ದೇಶದ ಅತಿ ದೊಡ್ಡ ಕ್ರೀಡಾ ಪ್ರಶಸ್ತಿಯ ಬಾಗಿಲು ತೆರೆದಿರಲೇಬೇಕು ಅಂತ ನಾನು ಹೇಳುತ್ತೇನೆ. ಈ ವಾದದಲ್ಲಿ ನಾನು ಇನ್ನೂ ಗೆದ್ದಿಲ್ಲ, ಬಿಡುವುದೂ ಇಲ್ಲ.